ಉರಿಯುವ ದೀಪಕ್ಕೂ ಲೆಕ್ಕವಿದೆ

(ಜುಮಾ ಖುತ್ಬಾದ ಸಾರಾಂಶ)



ಮೊಟ್ಟಮೊದಲು ನನಗೂ ನಿಮಗೂ ತಖ್ವಾದ ವಸಿಯ್ಯತ್ ಮಾಡುತ್ತೇನೆ. ಅಲ್ಲಾಹನ ಭಯ ಮಸೀದಿಯ ಸಫ್‌ನಲ್ಲಿ ಮಾತ್ರ ಇದ್ದರೆ ಸಾಲದು. ಮನೆಯ ಬಾಗಿಲು ಮುಚ್ಚಿದ ಮೇಲೆ, ಸ್ವಿಚ್ಚಿನ ಮೇಲೆ ಬೆರಳಿಡುವಾಗ, ಮೀಟರ್ ಬೋರ್ಡಿನ ಮುಂದೆ ನಿಂತಾಗಲೂ ಅದು ಇರಬೇಕು.

ಇವತ್ತು ಕರೆಂಟ್ ಬಿಲ್ ಮತ್ತು ಗ್ಯಾಸಿನ ಬಗ್ಗೆ ಮಾತನಾಡುತ್ತೇನೆ. ಮಿಂಬರ್‌ನಲ್ಲಿ ಇದನ್ನು ಮಾತನಾಡಬೇಕೇ ಎಂದು ಕೆಲವರಿಗೆ ಅನಿಸಬಹುದು. ಆದರೆ ಕಳೆದ ಎರಡು ತಿಂಗಳಲ್ಲಿ ನನ್ನ ಬಳಿಗೆ ಸಂಸಾರದ ಜಗಳ ಹೊತ್ತು ಬಂದವರಲ್ಲಿ ಹಲವರ ಮಾತು ಕೊನೆಗೆ ಬಂದು ನಿಂತದ್ದು ಬಿಲ್ಲಿನ ಮೇಲೆ. ಎಸಿ ಹಾಕಿದ್ದು ಯಾರು, ಗೀಸರ್ ಆಫ್ ಮಾಡದೆ ಹೋದದ್ದು ಯಾರು, ಸಿಲಿಂಡರ್ ತಿಂಗಳೊಳಗೆ ಖಾಲಿಯಾದದ್ದು ಹೇಗೆ ಎಂದು ಅತ್ತೆ ಸೊಸೆಯನ್ನು ಕೇಳುತ್ತಾರೆ, ಗಲ್ಫಿನಲ್ಲಿರುವ ಗಂಡ ಫೋನಿನಲ್ಲಿ ಹೆಂಡತಿಯನ್ನು ಕೇಳುತ್ತಾನೆ. ಮನೆಯ ನೆಮ್ಮದಿ ಕೆಡಿಸುವ ಯಾವ ವಿಷಯವೂ ದೀನಿನ ಹೊರಗಿನದಲ್ಲ.

ಬೆಂಕಿ ಅಲ್ಲಾಹನ ಅನುಗ್ರಹ

ಸೂರಃ ಯಾಸೀನ್‌ನ ಕೊನೆಯ ಭಾಗದಲ್ಲಿ ಹಸಿರು ಮರದಿಂದ ಬೆಂಕಿ ಹುಟ್ಟಿಸಿಕೊಟ್ಟವನು ತಾನೆಂದು ಅಲ್ಲಾಹನು ನೆನಪಿಸುತ್ತಾನೆ. ಸೂರಃ ಅಲ್‌ವಾಖಿಅಃದಲ್ಲಿ ನಾವು ಹೊತ್ತಿಸುವ ಬೆಂಕಿಯನ್ನು ಒಂದು ಜ್ಞಾಪನೆಯಾಗಿಯೂ ಪ್ರಯಾಣಿಕರಿಗೆ ಉಪಯೋಗದ ವಸ್ತುವಾಗಿಯೂ ಮಾಡಿದ್ದಾಗಿ ಹೇಳುತ್ತಾನೆ. ಇಂದು ಆ ಬೆಂಕಿ ತಂತಿಯೊಳಗೆ ಹರಿದು ಬರುತ್ತದೆ, ಸಿಲಿಂಡರಿನಲ್ಲಿ ತುಂಬಿ ಬರುತ್ತದೆ. ರೂಪ ಬದಲಾಗಿದೆ, ಕೊಟ್ಟವನು ಬದಲಾಗಿಲ್ಲ. ಸೂರಃ ಅತ್ತಕಾಸುರ್‌ನ ಕೊನೆಯ ಆಯತ್‌ನಲ್ಲಿ ಅನುಗ್ರಹಗಳ ಬಗ್ಗೆ ಆ ದಿನ ವಿಚಾರಣೆ ಇದೆ ಎಂಬ ಎಚ್ಚರಿಕೆ ಇದೆ. ಮೆಸ್ಕಾಂನವರು ತಿಂಗಳಿಗೊಮ್ಮೆ ಲೆಕ್ಕ ಕೇಳುತ್ತಾರೆ. ಅಲ್ಲಾಹನು ಒಮ್ಮೆ ಕೇಳುತ್ತಾನೆ, ಎಲ್ಲವನ್ನೂ ಕೇಳುತ್ತಾನೆ.

ಸತ್ಯವಿಶ್ವಾಸಿಗಳ ತಾಯಿ ಆಯಿಶಾ(ರ) ತಮ್ಮ ಸೋದರಿಯ ಮಗ ಉರ್ವಾ(ರ) ಅವರಿಗೆ ಒಂದು ವಿಷಯ ಹೇಳಿದ್ದು ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಎರಡು ತಿಂಗಳಲ್ಲಿ ಮೂರು ಬಾಲಚಂದ್ರರನ್ನು ಕಂಡರೂ ಪ್ರವಾದಿವರ್ಯರ(ಸ) ಮನೆಗಳಲ್ಲಿ ಒಲೆ ಉರಿಯುತ್ತಿರಲಿಲ್ಲ. ಹಾಗಾದರೆ ಹೇಗೆ ಬದುಕಿದಿರಿ ಎಂದು ಉರ್ವಾ ಕೇಳಿದರು. ಖರ್ಜೂರ ಮತ್ತು ನೀರು ಎಂದರು ಆಯಿಶಾ(ರ). ನೆರೆಯ ಅನ್ಸಾರರು ಆಗಾಗ ಹಾಲು ಕಳುಹಿಸುತ್ತಿದ್ದುದನ್ನೂ ಸೇರಿಸಿ ಹೇಳಿದರು. ಈ ಮಾತಿನಲ್ಲಿ ಎರಡು ಪಾಠಗಳಿವೆ. ಕಡಿಮೆ ಬೆಂಕಿಯಲ್ಲಿ ಬದುಕುವುದು ಅವಮಾನವಲ್ಲ. ನೆರೆಮನೆಯ ಒಲೆ ಉರಿಯುತ್ತಿದೆಯೇ ಎಂದು ನೋಡಿದವರು ಆಗ ಇದ್ದರು. ಈಗ ಆ ಅನ್ಸಾರರು ಯಾರು ಎಂಬ ಪ್ರಶ್ನೆ ನಮ್ಮ ಮುಂದಿದೆ.

ಮನೆಯಲ್ಲಿ ಕುಳಿತು ಲೆಕ್ಕ ಹಾಕಿ

ಸೂರಃ ಅಲ್‌ಫುರ್ಖಾನ್‌ನಲ್ಲಿ ಪರಮ ದಯಾಮಯನ ದಾಸರ ಗುಣಗಳನ್ನು ಎಣಿಸುವಾಗ, ಖರ್ಚಿನಲ್ಲಿ ದುಂದೂ ಇಲ್ಲದ ಜಿಪುಣತನವೂ ಇಲ್ಲದ ನಡುವಿನ ದಾರಿ ಅವರದು ಎಂದು ಬಂದಿದೆ. ನಡುವಿನ ದಾರಿ ಯಾವುದೆಂದು ತಿಳಿಯಬೇಕಾದರೆ ಮೊದಲು ಲೆಕ್ಕ ತಿಳಿದಿರಬೇಕು.

ನಮ್ಮ ರಾಜ್ಯದಲ್ಲಿ 2023ರಿಂದ ಗೃಹಜ್ಯೋತಿ ಇದೆ. 200 ಯೂನಿಟ್ ತನಕ ಎಲ್ಲರಿಗೂ ಉಚಿತ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. 2022-23ರಲ್ಲಿ ಆ ಮೀಟರಿನ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇಕಡಾ 10 ಸೇರಿಸಿ ಒಂದು ಮಿತಿ ಇಟ್ಟಿದ್ದಾರೆ. ತೀರಾ ಕಡಿಮೆ ಬಳಸುವವರಿಗೆ ಆಮೇಲೆ ಶೇಕಡಾ 10ರ ಬದಲು 10 ಯೂನಿಟ್ ಎಂದು ಮಾಡಿದರು. ಆ ಮಿತಿ ದಾಟಿದರೆ ಹೆಚ್ಚಿನ ಯೂನಿಟ್‌ಗಳಿಗೆ ಹಣ ಕಟ್ಟಬೇಕು. ಆದರೆ 200 ದಾಟಿದ ತಿಂಗಳು ಇಡೀ ಬಿಲ್ ನಮ್ಮ ತಲೆಗೆ. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ದರದಲ್ಲಿ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ದರ 10 ಪೈಸೆ ಇಳಿಯಿತು ಎಂದು ಓದಿದೆವು. ಆದರೆ ಕಿಲೋವ್ಯಾಟ್‌ಗೆ 120 ಇದ್ದ ನಿಗದಿತ ಶುಲ್ಕ 145 ಆಯಿತು, ಅದರ ಜೊತೆಗೆ ನೌಕರರ ಪಿಂಚಣಿಗೆಂದು ಯೂನಿಟ್‌ಗೆ 36 ಪೈಸೆ ಬೇರೆ ಸೇರಿತು. ಈ ದರದಲ್ಲಿ 201 ಯೂನಿಟ್ ಆದರೆ ಯೂನಿಟ್ ಬಾಬ್ತೇ 1,165 ರೂಪಾಯಿ ದಾಟುತ್ತದೆ, ಉಳಿದದ್ದೆಲ್ಲ ಅದರ ಮೇಲೆ. ಒಂದು ರಾತ್ರಿಯ ಅಜಾಗ್ರತೆ ಒಂದು ಮನೆಯ ತಿಂಗಳ ಅಕ್ಕಿಯ ಹಣವನ್ನು ನುಂಗಬಹುದು.

ಹಾಗಾದರೆ ಯೂನಿಟ್ ಹೋಗುವುದು ಎಲ್ಲಿ? ಸಾವಿರ ವ್ಯಾಟ್‌ನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಎರಡು ಸಾವಿರ ವ್ಯಾಟ್‌ನ ಗೀಸರ್ ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ಹಳೆಯ 75 ವ್ಯಾಟ್‌ನ ಫ್ಯಾನ್ ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. ಹೊಸ ಬಿಎಲ್‌ಡಿಸಿ ಫ್ಯಾನ್‌ಗೆ ಅದರ ಅರ್ಧಕ್ಕಿಂತ ಕಡಿಮೆ ಸಾಕು. ಒಂದೂವರೆ ಟನ್ನಿನ ಎಸಿ ಇಡೀ ರಾತ್ರಿ ಓಡಿದರೆ ಏಳೆಂಟು ಯೂನಿಟ್ ಆಗುತ್ತದೆ, ತಿಂಗಳ 200ರ ಮಿತಿಯನ್ನು ಅದೊಂದೇ ಮುಗಿಸಬಲ್ಲದು. ಎಸಿಯನ್ನು 18ಕ್ಕೆ ಇಟ್ಟು ಕಂಬಳಿ ಹೊದ್ದು ಮಲಗುವ ಬದಲು 24ಕ್ಕೆ ಇಟ್ಟು ಫ್ಯಾನ್ ಹಾಕಿದರೆ ಪ್ರತಿ ಡಿಗ್ರಿಗೂ ಸುಮಾರು ಶೇಕಡಾ 6 ಉಳಿಯುತ್ತದೆ ಎಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ.

ಅಡುಗೆಮನೆಯ ವಿಷಯದಲ್ಲಿ ನಾನು ಸಹೋದರಿಯರಿಗೆ ಪಾಠ ಹೇಳಲು ಹೋಗುವುದಿಲ್ಲ, ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ನಮ್ಮ ಕಡೆಯ ಕುಚ್ಚಲಕ್ಕಿ ಬೇಯಲು ಬಹಳ ಹೊತ್ತು ಬೇಕು. ಒಂದು ಕುದಿ ಬಂದ ಮೇಲೆ ಪಾತ್ರೆಯನ್ನು ಬಿಸಿ ಹಿಡಿಯುವ ಪೆಟ್ಟಿಗೆಯಲ್ಲಿಟ್ಟು ಬೇಯಿಸುವವರು ಎಷ್ಟೋ ಗ್ಯಾಸ್ ಉಳಿಸುತ್ತಿದ್ದಾರೆ. ತೆಂಗಿನ ತೋಟವಿದ್ದೂ ಮಡಲು, ಸಿಪ್ಪೆಗಳನ್ನು ಕೊಳೆಯಲು ಬಿಟ್ಟು ಗೀಸರ್ ಹಾಕುವ ಮನೆಗಳಿವೆ. ಬಚ್ಚಲಿನ ಹಂಡೆಗೆ ಬೆಂಕಿ ಹಾಕುವುದು ನಮ್ಮ ಅಜ್ಜಂದಿರಿಗೆ ನಾಚಿಕೆಯ ವಿಷಯವಾಗಿರಲಿಲ್ಲ.

ನೀರೂ ಕರೆಂಟೇ ಎಂಬುದನ್ನು ಮರೆಯಬೇಡಿ. ಬಾವಿಯಿಂದ ಟ್ಯಾಂಕಿಗೆ ಏರುವ ಪ್ರತಿ ಕೊಡವನ್ನೂ ಪಂಪು ಎತ್ತುತ್ತದೆ. ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಲ್ಲಿ, ಅಂದರೆ ಮುಕ್ಕಾಲು ಲೀಟರಿನಷ್ಟರಲ್ಲಿ ವುಝೂ ಮಾಡುತ್ತಿದ್ದರು. ನಾವು ಹೌಳ್ ಬಿಟ್ಟು ನಲ್ಲಿ ತಿರುಗಿಸಿ, ಪಕ್ಕದವರೊಡನೆ ಮಾತನಾಡುತ್ತಾ ವುಝೂ ಮಾಡುತ್ತೇವೆ. ಮಲಗುವಾಗ ದೀಪಗಳನ್ನೂ ಬೆಂಕಿಯನ್ನೂ ಆರಿಸಲು ಕಲಿಸಿದವರೂ ಅವರೇ. ಮದೀನಾದಲ್ಲಿ ಒಂದು ರಾತ್ರಿ ಒಂದು ಮನೆ ಸುಟ್ಟುಹೋದ ಸುದ್ದಿ ತಿಳಿದಾಗ ಅವರು ಕೊಟ್ಟ ಆಜ್ಞೆ ಅದು. ಮಲಗುವ ಮೊದಲು ರೆಗ್ಯುಲೇಟರ್ ಮುಚ್ಚುವುದು, ಸ್ವಿಚ್ ಆರಿಸುವುದು ಸುನ್ನತ್‌ನ ಉದ್ದೇಶವನ್ನು ಪಾಲಿಸಿದಂತೆ. ಆ ನಿಯ್ಯತ್ ಇಟ್ಟರೆ ಬಿಲ್ಲೂ ಇಳಿಯುತ್ತದೆ, ಪ್ರತಿಫಲವೂ ಸಿಗುತ್ತದೆ.

ಗಂಡಸರಿಗೆ ಒಂದು ಮಾತು. ಲೆಕ್ಕವನ್ನು ಊಟದ ಬಟ್ಟಲಿನ ಮುಂದೆ ಕೂಗಿ ಕೇಳಬೇಡಿ. ತಿಂಗಳಿಗೊಮ್ಮೆ ಹೆಂಡತಿ ಮಕ್ಕಳೊಂದಿಗೆ ಬಿಲ್ ಹಿಡಿದು ಕುಳಿತುಕೊಳ್ಳಿ. ಮಕ್ಕಳಿಗೆ ಮೀಟರ್ ಓದಲು ಕಲಿಸಿ. ಮನೆಯಲ್ಲಿ ಇಡೀ ದಿನ ಒಲೆಯ ಮುಂದೆ ಬೇಯುವವಳಿಗೆ ಒಂದು ಫ್ಯಾನಿನ ಗಾಳಿಯನ್ನು ಲೆಕ್ಕ ಹಾಕುವುದು ಮಿತವ್ಯಯವಲ್ಲ, ಅದು ಅನ್ಯಾಯ.

ಕಷ್ಟ ಹರಾಮನ್ನು ಹಲಾಲ್ ಮಾಡುವುದಿಲ್ಲ

ಈಗ ಸ್ವಲ್ಪ ಕಹಿ ಮಾತು. ಕ್ಷಮಿಸಿ, ಆದರೆ ಕೇಳಿಸಿಕೊಳ್ಳಿ.

ಕಂಬದ ತಂತಿಗೆ ಕೊಕ್ಕೆ ಹಾಕುವುದು ಕಳ್ಳತನ. ಮದುವೆಯ ಪೆಂಡಾಲಿಗಾಗಲಿ, ದೀನೀ ಕಾರ್ಯಕ್ರಮದ ದೀಪಾಲಂಕಾರಕ್ಕಾಗಲಿ ಹಾಗೆ ಮಾಡಿದರೂ ಅದು ಕಳ್ಳತನವೇ. ಪ್ರವಾದಿವರ್ಯರ(ಸ) ಪ್ರೀತಿಯನ್ನು ಕದ್ದ ಕರೆಂಟಿನಲ್ಲಿ ಬೆಳಗಿಸಲಾಗದು. ಸರ್ಕಾರದ್ದಲ್ಲವೇ ಎನ್ನುವವರಿಗೆ ಹೇಳುತ್ತೇನೆ, ಸಾರ್ವಜನಿಕ ಸೊತ್ತಿನಲ್ಲಿ ಲಕ್ಷಾಂತರ ಜನರ ಹಕ್ಕಿದೆ. ಒಬ್ಬನ ಹಣ ಕದ್ದರೆ ಒಬ್ಬನ ಬಳಿ ಕ್ಷಮೆ ಕೇಳಬಹುದು, ಊರಿನದನ್ನು ಕದ್ದವನು ಯಾರ ಮನೆ ಬಾಗಿಲಿಗೆ ಹೋಗುತ್ತಾನೆ? ಮೀಟರಿಗೆ ಕೈ ಹಾಕುವುದಕ್ಕೂ ಇದೇ ಉತ್ತರ. ಮನೆ ಬಳಕೆಯ 14.2 ಕೆಜಿ ಸಿಲಿಂಡರನ್ನು ಹೋಟೆಲಿಗೆ ಕೊಡುವುದೂ ಕಾನೂನಿಗೂ ಮಾತಿಗೂ ತಪ್ಪಿದ ಕೆಲಸ.

ಇನ್ನೊಂದು ವಿಷಯ ನನ್ನನ್ನು ಬಹಳ ನೋಯಿಸಿದೆ. ಬಾಡಿಗೆ ಮನೆಯಲ್ಲಿರುವ ಒಬ್ಬ ಸಹೋದರ ಮೊನ್ನೆ ಅಸರ್ ನಂತರ ನನ್ನ ಬಳಿ ಕುಳಿತರು. ಅವರ ಮೀಟರಿಗೆ ತಿಂಗಳುಗಟ್ಟಲೆ ಸೊನ್ನೆ ಬಿಲ್ ಬಂದಿದೆ. ಮನೆಯ ಮಾಲಕರು ಮಾತ್ರ ಯೂನಿಟ್‌ಗೆ ಎಂಟು ರೂಪಾಯಿಯಂತೆ ಕರೆಂಟ್ ಬಿಲ್ ಎಂದು ವಸೂಲಿ ಮಾಡುತ್ತಾ ಬಂದಿದ್ದಾರೆ. ಕೇಳಿದರೆ ಮನೆ ಬಿಡಬೇಕಾದೀತು ಎಂಬ ಭಯದಿಂದ ಇವರು ಸುಮ್ಮನಿದ್ದಾರೆ. ಇಬ್ಬರೂ ಇದೇ ಮಸೀದಿಯಲ್ಲಿ ನಮಾಝ್ ಮಾಡುವವರು.

ಬಾಡಿಗೆ ಹೆಚ್ಚು ಬೇಕಿದ್ದರೆ ಮೊದಲೇ ಹೇಳಿ, ಇಬ್ಬರೂ ಒಪ್ಪಿ ಕರಾರು ಮಾಡಿಕೊಳ್ಳಿ, ಅದು ವ್ಯಾಪಾರ. ಇಲ್ಲದ ಬಿಲ್ಲಿನ ಹೆಸರಿನಲ್ಲಿ ಹಣ ಪಡೆಯುವುದು ವ್ಯಾಪಾರವಲ್ಲ. ಪರಸ್ಪರರ ಸಂಪತ್ತನ್ನು ಅನ್ಯಾಯವಾಗಿ ತಿನ್ನುವುದನ್ನು ಸೂರಃ ಅಲ್‌ಬಖರಃ ನಿಷೇಧಿಸಿದ್ದು ಇದನ್ನೇ. ಎರಡು ಮೂರು ಮನೆಗಳಿಗೆ ಒಂದೇ ಮೀಟರ್ ಇದ್ದು ನಿಜವಾಗಿ ಬಿಲ್ ಬರುತ್ತಿದ್ದರೆ ಆ ಬಿಲ್ಲನ್ನು ಬಾಡಿಗೆದಾರರಿಗೆ ತೋರಿಸಿ, ಸಬ್‌ಮೀಟರ್ ನೋಡಿ ಹಂಚಿ. ಈವರೆಗೆ ಹೆಚ್ಚು ಪಡೆದವರು ಮರಳಿಸಿ ಬಿಡಿ. ಹಜ್ಜ್‌ಗೆ ಕೂಡಿಟ್ಟ ಹಣದಲ್ಲಿ ಆ ಎಂಟೆಂಟು ರೂಪಾಯಿಗಳು ಸೇರಿಕೊಂಡಿದ್ದರೆ ಎಂದು ಯೋಚಿಸಿ. ಬಾಡಿಗೆದಾರರೂ ತಿಳಿದಿರಲಿ, ಗೃಹಜ್ಯೋತಿ ನೋಂದಣಿ ನಿಮಗೂ ಇದೆ. ಮನೆ ಬದಲಿಸುವಾಗ ಹಳೆಯ ಮೀಟರಿನಿಂದ ನಿಮ್ಮ ಆಧಾರ್ ಬಿಡಿಸಿಕೊಂಡು ಹೊಸದಕ್ಕೆ ಜೋಡಿಸಿ.

ಇತರರಿಗೆ ಹೇಳುವ ನಾನು ನನ್ನ ಮನೆಯನ್ನೂ ನೋಡಬೇಕಲ್ಲವೇ? ಮಸೀದಿಯ ಕ್ವಾರ್ಟರ್ಸ್‌ನಲ್ಲಿ ನನ್ನ ಕುಟುಂಬವಿದೆ, ಬಿಲ್ ಕಟ್ಟುವುದು ಜಮಾಅತ್. ಖಲೀಫಾ ಉಮರ್ ಬಿನ್ ಅಬ್ದುಲ್ ಅಝೀಝ್ ರಾಜ್ಯದ ಕೆಲಸ ಮುಗಿದು ಸ್ವಂತ ಮಾತು ಶುರುವಾದಾಗ ಬೈತುಲ್‌ಮಾಲ್‌ನ ದೀಪ ಆರಿಸಿ ತಮ್ಮ ದೀಪ ಹಚ್ಚಿದ ಘಟನೆಯನ್ನು ಮಕ್ಕಳಿಗೆ ಎಷ್ಟೋ ಬಾರಿ ಕಲಿಸಿದ್ದೇನೆ. ಈ ಖುತ್ಬಾ ಸಿದ್ಧಪಡಿಸುವಾಗ ಬಚ್ಚಲಿನಲ್ಲಿ ಗೀಸರ್ ಸುಮ್ಮನೆ ಉರಿಯುತ್ತಿತ್ತು. ಎದ್ದು ಹೋಗಿ ಆರಿಸಿದೆ. ನಾಚಿಕೆಯಾಯಿತು. ಕ್ವಾರ್ಟರ್ಸಿಗೆ ಬೇರೆ ಸಬ್‌ಮೀಟರ್ ಹಾಕಿಸಿ, ಒಂದು ಮಿತಿಯ ಮೇಲೆ ಬಂದದ್ದನ್ನು ನನ್ನ ಸಂಬಳದಿಂದ ಕಡಿಯಿರಿ ಎಂದು ಕಮಿಟಿಗೆ ಕೇಳಿಕೊಂಡಿದ್ದೇನೆ. ಜಮಾಅತ್ ಮುಗಿದ ಮೇಲೆ ಖಾಲಿ ಸಫ್‌ಗಳ ಮೇಲೆ ಫ್ಯಾನ್ ತಿರುಗದಂತೆ ನೋಡಿಕೊಳ್ಳುವ ಹೊಣೆ ನಮ್ಮೆಲ್ಲರದು.

ನೆರೆಮನೆಯ ಕತ್ತಲೆ

ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಜನರು ಪಾಲುದಾರರು ಎಂಬರ್ಥದ ಹದೀಸ್ ಅಬೂದಾವೂದ್‌ನಲ್ಲಿದೆ. ಸಾರು ಮಾಡುವಾಗ ನೀರು ಸ್ವಲ್ಪ ಹೆಚ್ಚು ಹಾಕಿ ನೆರೆಯವರನ್ನು ನೆನೆಯಲು ಅಬೂಝರ್(ರ) ಅವರಿಗೆ ಪ್ರವಾದಿವರ್ಯರು(ಸ) ಉಪದೇಶಿಸಿದ್ದರು. ನಮ್ಮ ಮೊಹಲ್ಲಾದಲ್ಲಿ ಬಿಲ್ ಬಾಕಿಯಾಗಿ ಫ್ಯೂಸ್ ಕಿತ್ತ ಮನೆ ಇದ್ದರೆ, ಪರೀಕ್ಷೆಗೆ ಓದುವ ಮಗು ಕತ್ತಲೆಯಲ್ಲಿದ್ದರೆ, ನಮ್ಮ ಮನೆಯ ಬೆಳಕು ನಮ್ಮ ವಿರುದ್ಧ ಸಾಕ್ಷಿ ಹೇಳಬಹುದು.

ಸಾಲದಲ್ಲಿ ಸಿಲುಕಿದವರು ಝಕಾತ್‌ನ ಎಂಟು ವಿಭಾಗಗಳಲ್ಲಿ ಒಬ್ಬರು. ತೀರಿಸಲಾಗದ ಬಿಲ್ ಬಾಕಿಯೂ ಸಾಲವೇ. ಝಕಾತ್‌ನಿಂದ ಕೊಡುವುದಾದರೆ ಹಣವನ್ನು ಅವರ ಕೈಗೆ ಕೊಡಿ ಅಥವಾ ಅವರ ಒಪ್ಪಿಗೆ ಪಡೆದು ಕಟ್ಟಿ. ಸದಖಾ ಆದರೆ ಇನ್ನೂ ಸುಲಭ. ಖಾತೆ ನಂಬರ್ ಒಂದು ತಿಳಿದರೆ ಸಾಕು, ಮೊಬೈಲಿನಲ್ಲೇ ಕಟ್ಟಬಹುದು. ಕಟ್ಟಿದವರು ಯಾರೆಂದು ಆ ಮನೆಯವರಿಗೆ ತಿಳಿಯಬೇಕಾಗಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ದಾನ ಮಾಡಿದವನಿಗೆ ಅರ್ಶ್‌ನ ನೆರಳಿದೆ ಎಂದು ಓದುತ್ತೇವೆ. ಆ ನೆರಳು ಈಗ ಬೆರಳ ತುದಿಯಲ್ಲಿದೆ.

ಅನುಕೂಲ ಇರುವವರು ಮಾಡಿನ ಮೇಲೆ ಸೋಲಾರ್ ಹಾಕುವುದನ್ನು ಯೋಚಿಸಿ. ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರು ಅಥವಾ ಹೆಚ್ಚಿಗೆ 78,000 ರೂಪಾಯಿ ಸಹಾಯಧನವಿದೆ. ಉಳಿದ ಹಣಕ್ಕೆ ಬಡ್ಡಿಯ ಸಾಲಕ್ಕೆ ಕೈ ಹಾಕುವ ಮೊದಲು, ಕುಟುಂಬದೊಳಗೆ ಖರ್ಝ್ ಹಸನ್ ಕೊಡುವವರು ಮುಂದೆ ಬರಲಿ. ತಿಂಗಳು ತಿಂಗಳು ಉಳಿಯುವ ಬಿಲ್ಲಿನ ಹಣದಿಂದಲೇ ಅದನ್ನು ತೀರಿಸಬಹುದು.

ಕೊನೆಯದಾಗಿ, ಇಂದು ರಾತ್ರಿ ಮಲಗುವ ಮೊದಲು ಮನೆಯನ್ನೊಮ್ಮೆ ಸುತ್ತಿ ಬನ್ನಿ. ಬೇಡದ ದೀಪ ಆರಿಸಿ. ಹಾಗೆ ಆರಿಸುವಾಗ ಕಬ್ರ್‌ನ ಕತ್ತಲೆಯನ್ನು ನೆನೆಯಿರಿ. ಅಲ್ಲಿ ಯಾವ ಮೀಟರೂ ಇಲ್ಲ, ನಾವು ಕಳುಹಿಸಿಕೊಟ್ಟ ಸತ್ಕರ್ಮದ ಬೆಳಕು ಮಾತ್ರ ಇದೆ.

ಅಲ್ಲಾಹನೇ, ನಮ್ಮ ಸಂಪಾದನೆಯನ್ನು ಹಲಾಲ್ ಆಗಿಸು, ನಮ್ಮ ಖರ್ಚಿನಲ್ಲಿ ಬರಕತ್ ನೀಡು. ಇನ್ನೊಬ್ಬರ ಹಕ್ಕು ನಮ್ಮ ಮನೆಯಲ್ಲಿ ಉಳಿಯದಂತೆ ಕಾಪಾಡು. ಸಾಲದ ಭಾರದಲ್ಲಿರುವವರ ಭಾರ ಇಳಿಸು. ನಮ್ಮ ಕಬ್ರ್‌ಗಳನ್ನು ಬೆಳಗಿಸು. ಆಮೀನ್.