ನಾಟಕದಲ್ಲಿ ನಮ್ಮ ಮಗುವಿಗೂ ಒಂದು ಪಾತ್ರ

(ಅರೆಕೆರೆಯ ಸ್ವಸಹಾಯ ಸಂಘಗಳ ತಿಂಗಳ ಸಭೆಯಲ್ಲಿ ಆಡಿದ ಮಾತುಗಳು)



ಉಳಿತಾಯದ ಲೆಕ್ಕ, ಸಾಲದ ಕಂತು ಎಲ್ಲ ಮುಗಿಯಿತು. ಇನ್ನು ಸ್ವಲ್ಪ ಹೊತ್ತು ಬೇರೆ ಮಾತಾಡೋಣ. ಅರೆಕೆರೆ, ಹುಳಿಮಾವು ಕಡೆಯ ಶಾಲೆಗಳಲ್ಲಿ ಸ್ಕೂಲ್ ಡೇ ತಯಾರಿ ಶುರುವಾಯಿತೆಂದರೆ ನಮ್ಮ ಸಂಘದ ಸಾಲದ ಪುಸ್ತಕಕ್ಕೂ ಗೊತ್ತಾಗುತ್ತದೆ. ಮಕ್ಕಳ ಡ್ರೆಸ್ಸಿಗೆಂದು ಮುನ್ನೂರು, ಐನೂರು ತೆಗೆದುಕೊಳ್ಳುವವರು ಎಷ್ಟೋ ಜನ. ಹಾಗೆ ಸಾಲ ತೆಗೆದುಕೊಂಡ ಒಬ್ಬ ತಾಯಿಯ ವಿಷಯ ಹೇಳುತ್ತೇವೆ. "ಹೆಸರು ಬೇಡ ಸಿಸ್ಟರ್, ಮಿಕ್ಕಿದ್ದೆಲ್ಲ ಹೇಳಿ" ಎಂದು ಅವರೇ ಒಪ್ಪಿದ್ದಾರೆ.

ಇದು 2010ರ ಮಾತು. ಅವರ ಮಗನಿಗೆ ಆಟಿಸಂ. ಆಗ ಮೂರನೇ ತರಗತಿ. ಶಾಲೆಯಲ್ಲಿ ಪುಣ್ಯಕೋಟಿ ನಾಟಕ. ಇವನಿಗೆ ಮಂದೆಯಲ್ಲಿ ಒಂದು ಕರುವಿನ ಪಾತ್ರ, ಮಾತೇ ಇಲ್ಲ. ನೀರು ಬೇಕೆಂದು ಕೇಳಲು ಎರಡು ಮಾತು ಜೋಡಿಸಲು ಕಷ್ಟಪಡುವ ಹುಡುಗ, ಮನೆಗೆ ಬಂದು ಇಡೀ ನಾಟಕ ಹೇಳುತ್ತಿದ್ದ. ಹಸುವಿನ ಮಾತು ಹಸುವಿನ ದನಿಯಲ್ಲಿ, ಹುಲಿಯದು ಹುಲಿಯ ದನಿಯಲ್ಲಿ, ಗೊಲ್ಲನದು ಗೊಲ್ಲನ ಹಾಗೇ. ನಡುವೆ ಟೀಚರು "ಸೈಲೆನ್ಸ್!" ಅಂತ ಗದರಿದ್ದನ್ನೂ ಬಿಡುತ್ತಿರಲಿಲ್ಲ. ಪಾತ್ರೆ ತೊಳೆಯುತ್ತಾ ತಾಯಿಗೂ ನಾಟಕ ಬಾಯಿಪಾಠವಾಯಿತು.

ಹಿಂದಿನ ದಿನ ವೇಷ ಹಾಕಿಸಿ ರಿಹರ್ಸಲ್ ಮಾಡಿಸಿದರು. ಬಾಡಿಗೆಗೆ ತಂದ ಚುಚ್ಚುವ ಬಟ್ಟೆ, ಕತ್ತಿಗೆ ಬಿಗಿ ಎಲಾಸ್ಟಿಕ್. ಅಲ್ಲಿಯವರೆಗೆ ತರಗತಿಯಲ್ಲಿ ಚಪ್ಪಾಳೆ ತಟ್ಟಿ ಅಭ್ಯಾಸ ಮಾಡಿಸಿದ್ದರು. ಆವತ್ತು ಮಾತ್ರ ದೊಡ್ಡ ಸ್ಪೀಕರಿನಲ್ಲಿ ಡೋಲು. ಹುಡುಗ ಕಿವಿ ಮುಚ್ಚಿಕೊಂಡು ಸ್ಟೇಜಿನ ಮಧ್ಯದಲ್ಲೇ ಕೂತು ಕಿರುಚಿದ. "ನಾಳೆ ಕರ್ಕೊಂಡು ಬರಬೇಡಿ, ಮಿಕ್ಕ ಮಕ್ಕಳಿಗೆ ತೊಂದರೆ ಆಗತ್ತೆ" ಎಂದರು. ಮಾರನೆಯ ಸಂಜೆ ತಾಯಿ ಮನೆ ಬಾಗಿಲು ಹಾಕಿಕೊಂಡು ಕೂತರು. ಶಾಲೆಯ ಮೈಕಿನ ಶಬ್ದ ಮನೆಯವರೆಗೂ ಬರುತ್ತಿತ್ತು. ಹುಡುಗ ಕಿಟಕಿ ಹಿಡಿದು ನಿಂತು, ಅವರ ಜೊತೆಜೊತೆಗೇ ಕೊನೆಯವರೆಗೂ ಹೇಳಿದ. ಒಂದೂ ತಪ್ಪಿಲ್ಲ.

"ಕಂತು ಕಟ್ಟುವಾಗ ಏನಕ್ಕೆ ತೊಗೊಂಡಿದ್ದೆ ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ" ಎಂದರು ಆ ತಾಯಿ. ಆ ಪುಸ್ತಕಕ್ಕೆ ಸಹಿ ಹಾಕಿದವರಲ್ಲಿ ನಾವೂ ಇದ್ದೆವು. ನಾವೂ ಕೇಳಲಿಲ್ಲ.

ಅವನು ಹಠಮಾರಿ, ತಾಯಿ ಮುದ್ದು ಮಾಡಿ ಕೆಡಿಸಿದ್ದಾಳೆ ಅಂತ ಆಡಿಕೊಂಡವರುಂಟು. ಆಟಿಸಂ ಅನ್ನುವುದು ಸಾಕಿದ ರೀತಿಯಿಂದ ಬರುವುದಲ್ಲ, ಮಿದುಳು ಬೆಳೆಯುವ ರೀತಿಯೇ ಬೇರೆ. 1943ರಲ್ಲಿ ಇದರ ಬಗ್ಗೆ ಬರೆದ ಡಾಕ್ಟರ್ ಲಿಯೋ ಕ್ಯಾನರ್, ಈ ಮಕ್ಕಳ ಬಾಯಿಪಾಠದ ಶಕ್ತಿಯನ್ನೂ, ಕೇಳಿದ್ದನ್ನು ಹಾಗೇ ತಿರುಗಿ ಹೇಳುವುದನ್ನೂ ಆಗಲೇ ಗಮನಿಸಿದ್ದರು. ಇನ್ನು ಶಬ್ದದ ವಿಷಯ. ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಅವರು ಪಶುವಿಜ್ಞಾನದ ಪ್ರಾಧ್ಯಾಪಕಿ, ಆಟಿಸಂ ಇರುವವರು. ಚಿಕ್ಕಂದಿನಲ್ಲಿ ಜೋರು ಶಬ್ದವೆಂದರೆ ಹಲ್ಲಿನ ಡಾಕ್ಟರ ಡ್ರಿಲ್ಲು ನರಕ್ಕೆ ತಾಗಿದ ಹಾಗಿತ್ತು, ಚುಚ್ಚುವ ಲಂಗ ಮೈಮೇಲೆ ಉಪ್ಪುಕಾಗದ ಉಜ್ಜಿದ ಹಾಗಿತ್ತು ಎಂದು ಬರೆದಿದ್ದಾರೆ. ಅಂಥದ್ದರಲ್ಲಿ ಡೋಲಿನ ಎದುರು ಕರುವಾಗಿ ನಗುತ್ತಾ ನಿಲ್ಲು ಅಂದರೆ ಯಾರಿಗಾದರೂ ಆಗುತ್ತದಾ?

ಆದರೆ ಎಲ್ಲರ ಅನುಭವವೂ ಹೀಗೇ ಅಲ್ಲ. ಆಟಿಸಂ ಇರುವ ಒಬ್ಬ ಹುಡುಗಿ, ಈಗ ಕೆಲಸಕ್ಕೆ ಹೋಗುತ್ತಾಳೆ, ನಮ್ಮ ಹತ್ತಿರ ಹೇಳಿದಳು: "ನಾಟಕ ಸುಲಭ ಸಿಸ್ಟರ್. ಯಾರು ಯಾವಾಗ ಏನು ಹೇಳ್ತಾರೆ ಅಂತ ಮೊದಲೇ ಬರೆದಿರತ್ತೆ. ಊಟದ ಬಿಡುವಿನಲ್ಲಿ ಹಾಗಿರಲ್ಲವಲ್ಲ." ಮಿಕ್ಕ ದಿನವೆಲ್ಲ ಎಲ್ಲರ ಹಾಗೆ ಇರಲು ಅವಳೊಬ್ಬಳೇ ನಟಿಸಬೇಕಿತ್ತಂತೆ. ನಾಟಕದಲ್ಲಿ ಎಲ್ಲರೂ ನಟಿಸುತ್ತಿದ್ದರು, ಅದಕ್ಕೇ ಅವಳಿಗೆ ಸಮಾಧಾನ. ನಾವು ಓದಿದ್ದು ಎಂ.ಎಸ್.ಡಬ್ಲ್ಯೂ. ಇಷ್ಟು ಚೆನ್ನಾಗಿ ನಮಗೆ ಯಾರೂ ಪಾಠ ಹೇಳಿರಲಿಲ್ಲ.

ಹಾಗಾದರೆ ಮಾಡುವುದೇನು? ಟೀಚರ ಹತ್ತಿರ ಹೋಗಿ ಮಾತಾಡುವುದು. ಅದೂ ಹಿಂದಿನ ದಿನ ಅಲ್ಲ, ಪಾತ್ರ ಹಂಚುವ ಮೊದಲೇ. ವೇಷವನ್ನು ವಾರ ಮುಂಚೆ ಮನೆಗೆ ಕೊಡಿ ಅಂತ ಕೇಳಿ. ಒಳಗೆ ಹಳೇ ಹತ್ತಿಯ ಬನಿಯನ್ ಹಾಕಿಸಿ, ದಿನಾ ಸ್ವಲ್ಪ ಹೊತ್ತು ಅಭ್ಯಾಸ ಮಾಡಿಸಿ. ಮುಖಕ್ಕೆ ಬಣ್ಣ ಬೇಡ ಎಂದರೆ ಬಿಟ್ಟುಬಿಡಿ, ಬಣ್ಣವಿಲ್ಲದ ಕರುವೂ ಕರುವೇ. ಖಾಲಿ ಸ್ಟೇಜಿನ ಮೇಲೆ ಒಂದೆರಡು ಸಲ ಓಡಾಡಿಸಿ. ಸ್ಪೀಕರಿನಿಂದ ದೂರದ ಜಾಗ ಕೇಳಿ. ಗಂಟೆಗಟ್ಟಲೆ ವೇಷ ಹಾಕಿ ಕಾಯಿಸುವುದು ಬೇಡ, ಅವರ ನಾಟಕ ಮೊದಲೇ ಇಡಿಸಿ. ಏನಾದರೂ ಬದಲಾದರೆ ಮಗುವಿಗೆ ಮೊದಲೇ ತಿಳಿಸಬೇಕು.

ಮರದ ಪಾತ್ರದ ಬಗ್ಗೆ ಒಂದು ಮಾತು. ಇಂಥ ಮಕ್ಕಳನ್ನು ಮರ ಮಾಡಿ ಹಿಂದೆ ನಿಲ್ಲಿಸಿದರೆ ಆಯಿತು ಎಂದುಕೊಳ್ಳುವವರಿದ್ದಾರೆ. ಮಗುವಿಗೆ ಇಷ್ಟವಾದರೆ ಮರವೇ ಆಗಲಿ. ಆದರೆ ಕೇಳಿ ಕೊಡಬೇಕು. ಸ್ಟೇಜೇ ಬೇಡ ಎನ್ನುವ ಮಗುವಿಗೆ ಪರದೆ ಎಳೆಯುವ ಕೆಲಸ ಇದೆ. ಎಲ್ಲರ ಮಾತೂ ಬರುವ ಮಗುವನ್ನು ಪಕ್ಕದಲ್ಲಿ ಕೂರಿಸಿದರೆ, ಮರೆತವರಿಗೆ ಮಾತು ಎತ್ತಿಕೊಡಲು ಅದಕ್ಕಿಂತ ಒಳ್ಳೆಯವರು ಸಿಗುವುದಿಲ್ಲ. ಆ ಹುಡುಗನಿಗೆ ಆವತ್ತು ಯಾರಿಗೂ ಇದು ಹೊಳೆಯಲಿಲ್ಲ. ಏನೂ ಬೇಡ ಎಂದರೆ ಅದನ್ನೂ ಒಪ್ಪಿ. ನೆಂಟರ ಮುಂದೆ ತೋರಿಸುವುದಕ್ಕೆ ಬಲವಂತ ಮಾಡಬೇಡಿ.

ಇದು ಶಾಲೆಯವರ ದಯೆಯ ವಿಷಯವೂ ಅಲ್ಲ. 1995ರ ಅಂಗವಿಕಲರ ಕಾನೂನಿನ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 2016ರ ಹೊಸ ಕಾನೂನಿನಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಆಟಿಸಂ ಅದರಲ್ಲಿ ಸೇರಿದೆ. ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಶಾಲೆಗಳು ಈ ಮಕ್ಕಳಿಗೆ ಭೇದ ಮಾಡದೆ ಪಾಠ ಹೇಳಬೇಕು, ಆಟ ಮತ್ತು ಮನರಂಜನೆಯಲ್ಲೂ ಸಮನಾದ ಅವಕಾಶ ಕೊಡಬೇಕು ಎಂದು ಅದರ 16ನೇ ಕಲಮು ಹೇಳುತ್ತದೆ. ಜಗಳಕ್ಕೆ ಹೋಗಿ ಅಂತಲ್ಲ, ತಲೆ ತಗ್ಗಿಸಿ ಬೇಡಬೇಕಾಗಿಲ್ಲ ಅಂತ ಹೇಳುತ್ತಿದ್ದೇವೆ. ಮಗುವಿನ ಬಗ್ಗೆ ಅನುಮಾನವಿದ್ದು ಇನ್ನೂ ತೋರಿಸದವರು ತಡಮಾಡಬೇಡಿ. ಬನ್ನೇರುಘಟ್ಟ ರಸ್ತೆಯಲ್ಲಿ ಡೈರಿ ಸರ್ಕಲ್ ತನಕ ಹೋದರೆ ನಿಮ್ಹಾನ್ಸ್ ಅಲ್ಲೇ ಹತ್ತಿರ, ಮಕ್ಕಳನ್ನು ನೋಡುವ ವಿಭಾಗವಿದೆ.

ಆ ಹುಡುಗ ಈಗ ದೊಡ್ಡವನಾಗಿದ್ದಾನೆ. ತಾಯಿ ಪಾತ್ರೆ ತೊಳೆಯಲು ಕೂತರೆ ಕೆಲವು ಸಲ ಈಗಲೂ ಶುರು ಮಾಡುತ್ತಾನಂತೆ. ಅವನು ಹುಲಿ, ಇವರು ಹಸು.

ಸ್ಕೂಲ್ ಡೇ ತಾರೀಖು ಗೊತ್ತಾದವರು ಮುಂದಿನ ಸಭೆಗೆ ಬರೆದುಕೊಂಡು ಬನ್ನಿ. ಟೀಚರ ಹತ್ತಿರ ಒಬ್ಬರೇ ಹೋಗಲು ಅಂಜಿಕೆಯಾದರೆ ಸಂಘದಿಂದ ಇಬ್ಬರು ಜೊತೆಗೆ ಹೋಗಿ. ಕರೆದರೆ ನಾವೂ ಬರುತ್ತೇವೆ.