ಹೊರುವ ಹೆಗಲು, ನಡೆಯುವ ದಾರಿ

(ಎಸ್ಟೇಟು ಕಾರ್ಮಿಕ ಕುಟುಂಬಗಳ ಅನ್ಯೋನ್ಯ ಕೂಟದಲ್ಲಿ ಮಾಡಿದ ಭಾಷಣ)



ಇಂದು ನಾನು ಮಾತನಾಡಬೇಕೆಂದಿರುವ ವಿಷಯ ಬಹಳ ಸಾಧಾರಣವಾದುದು. ದಾರಿ, ಮೆಟ್ಟಿಲು, ಬಸ್ಸು, ಬಾಗಿಲು, ಇಷ್ಟೇ. ಕೈಕಾಲು ಗಟ್ಟಿಯಿರುವವನಿಗೆ ಇವು ಕಣ್ಣಿಗೇ ಬೀಳುವುದಿಲ್ಲ. ಆದರೆ ನಮ್ಮ ನಡುವಿನ ಎಷ್ಟೋ ಮನೆಗಳಲ್ಲಿ ಈ ನಾಲ್ಕು ಸಂಗತಿಗಳೇ ಒಬ್ಬ ಮನುಷ್ಯನ ಇಡೀ ಬಾಳನ್ನು ಒಂದು ಜಗಲಿಗೆ ಕಟ್ಟಿಹಾಕಿವೆ.

ಕಾಸರಗೋಡಿನವರಾದ ನಾವು ಈ ಮಾತನ್ನು ಬೇರೆ ಊರಿನವರಿಗಿಂತ ಹೆಚ್ಚು ಯೋಚಿಸಬೇಕಾದವರು. ಕಾರಣ ನಿಮಗೆ ಗೊತ್ತಿದೆ. 1970ರ ದಶಕದ ಕೊನೆಯ ವರ್ಷಗಳಿಂದ 2000ದ ತನಕ ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಟೀ ಸೊಳ್ಳೆಯ ಕಾಟ ತಪ್ಪಿಸಲೆಂದು ವರ್ಷಕ್ಕೆ ಎರಡು ಮೂರು ಸಲ ಈ ಕೆಲಸ ನಡೆಯಿತು. 4,500 ಹೆಕ್ಟೇರಿಗೂ ಮಿಕ್ಕ ತೋಟ; ಅದರ ನಡುವೆಯೂ ಕೆಳಗೂ ಮನೆ, ಶಾಲೆ, ಬಾವಿ, ತೋಡು, ಸುರಂಗ. ಎಣ್ಮಕಜೆ, ಬದಿಯಡ್ಕ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ, ಮುಳಿಯಾರು, ತೆಂಕಣದ ಕಡೆ ಪುಲ್ಲೂರು-ಪೆರಿಯ, ಅಜಾನೂರು, ಕಳ್ಳಾರ್, ಪನತ್ತಡಿ, ಕಯ್ಯೂರು-ಚೀಮೇನಿ, ಹೀಗೆ 11 ಪಂಚಾಯತುಗಳ ಹೆಸರು ದೇಶಕ್ಕೆಲ್ಲ ತಿಳಿಯುವಂತಾಯಿತು. ಪಡ್ರೆಯ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್ ಎಚ್ಚರಿಸಿದರು. ಪತ್ರಕರ್ತ ಶ್ರೀ ಪಡ್ರೆ ಬರೆದರು. ಪೆರಿಯದ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು. 2000ದಲ್ಲಿ ಹೊಸದುರ್ಗದ ನ್ಯಾಯಾಲಯ ತಡೆ ಹಾಕಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಆ ವಿಷವನ್ನು ನಿಲ್ಲಿಸಿತು. ಸರಕಾರದ ಸಂತ್ರಸ್ತರ ಪಟ್ಟಿಯಲ್ಲಿ 6,000ಕ್ಕೂ ಹೆಚ್ಚು ಹೆಸರುಗಳು ಸೇರಿದವು.

ಈ ಕಥೆಯನ್ನು ನೀವು ಬಹಳ ಸಲ ಕೇಳಿದ್ದೀರಿ. ಅದರ ಮುಂದಿನ ಅಧ್ಯಾಯದ ಮಾತು ಕಡಿಮೆ. ಅಂದು ಪತ್ರಿಕೆಗಳಲ್ಲಿ ಚಿತ್ರ ಬಂದ ಮಕ್ಕಳು ಈಗ ಮಕ್ಕಳಲ್ಲ. 1980ರ, 1990ರ ದಶಕಗಳಲ್ಲಿ ಹುಟ್ಟಿದವರಿಗೆ ಇಂದು 30, 40 ವರ್ಷ. ಅವರನ್ನು ಹೊತ್ತು ಸಾಕಿದ ತಾಯಂದಿರಿಗೆ 60, 70. ಮೂರು ವರ್ಷದ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಗುಡ್ಡ ಇಳಿದವಳು ಮೂವತ್ತು ವರ್ಷದ ಮಗನನ್ನು ಹೇಗೆ ಇಳಿಸುವಳು? ಮಗ ಬೆಳೆಯುತ್ತಾ ಭಾರವಾದ, ತಾಯಿ ಮುದುಕಿಯಾಗುತ್ತಾ ಹಗುರವಾದಳು. ರಾತ್ರಿ ದೀಪ ಆರಿಸಿದ ಮೇಲೆ ಇಂಥ ಮನೆಯ ತಾಯಿಗೆ ಒಂದೇ ಚಿಂತೆ: ನನ್ನ ನಂತರ ಯಾರು?

ಹಣದಿಂದ ಈ ಪ್ರಶ್ನೆ ಮುಗಿಯಿತೇ? 2017ರ ಜನವರಿ 10ರಂದು ಸುಪ್ರೀಂ ಕೋರ್ಟು, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರಕಾರಕ್ಕೆ ಆಜ್ಞೆ ಮಾಡಿತು. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ವಿಚಾರಿಸಿದಾಗ 3,704 ಮಂದಿಯಲ್ಲಿ 8 ಮಂದಿಗೆ ಮಾತ್ರ ಹಣ ಸಂದಿತ್ತು. ಆ ಎಂಟು ಮಂದಿ ಯಾರು? ಕೋರ್ಟಿಗೆ ಹೋದವರು. ಬಿರುಸಾದ ಮಾತು ಕೇಳಿಸಿಕೊಂಡ ಮೇಲೆ ಸರಕಾರ ಉಳಿದವರಿಗೂ ಹಣ ಬಿಡುಗಡೆ ಮಾಡಿತು. ಅದು ಬೇಕಾದ ಹಣವೇ. ಔಷಧಿಗೆ, ಸಾಲಕ್ಕೆ ಅದು ಬೇಕು. ಆದರೆ 5 ಲಕ್ಷ ರೂಪಾಯಿ ಬ್ಯಾಂಕಿನಲ್ಲಿದ್ದರೂ ಬ್ಯಾಂಕಿನ ಮುಂದೆ ಐದು ಮೆಟ್ಟಿಲಿದ್ದರೆ ಆ ಹಣದ ಒಡೆಯನು ಹೊರಗೇ ನಿಲ್ಲಬೇಕು.

ಮಾರ್ಕನ ಸುವಾರ್ತೆಯಲ್ಲಿ ಕಪೆರ್ನೌಮಿನ ಆ ಮನೆಯ ಸಂಗತಿ ನಿಮಗೆ ನೆನಪಿದೆ. ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದರು. ಬಾಗಿಲಲ್ಲಿ ಜಾಗ ಸಿಗದೆ ಮಾಡು ಬಿಚ್ಚಿ ಅವನನ್ನು ಒಳಗೆ ಇಳಿಸಿದರು. ಆ ನಾಲ್ವರ ವಿಶ್ವಾಸವನ್ನು ನಾವು ಪ್ರಸಂಗಗಳಲ್ಲಿ ಹೊಗಳುತ್ತೇವೆ. ಸರಿಯೇ. ಆದರೆ ಮಾಡು ಬಿಚ್ಚಬೇಕಾಗಿ ಬಂದುದು ಏಕೆ? ಬಾಗಿಲು ತುಂಬಾ ಜನ ನಿಂತಿದ್ದರು. ಅವರು ಕೆಟ್ಟವರಲ್ಲ, ಒಳ್ಳೆಯ ಮಾತು ಕೇಳಲು ಬಂದವರೇ. ಹಿಂದಿರುಗಿ ನೋಡಲಿಲ್ಲ, ಅಷ್ಟೇ. ಸಹೋದರರೇ, ನಾವು ನಮ್ಮನ್ನು ಆ ನಾಲ್ವರ ಜೊತೆ ಎಣಿಸಿಕೊಳ್ಳುತ್ತೇವೆ. ಹೆಚ್ಚಿನ ಸಮಯ ನಾವು ನಿಂತಿರುವುದು ಬಾಗಿಲಲ್ಲಿ.

ಹೊರುವುದು ಪ್ರೀತಿ. ಅದನ್ನು ಹಗುರವಾಗಿ ಮಾತನಾಡಬಾರದು. ಆದರೆ ಹೊರುವವರು ಬಂದರೆ ಮಾತ್ರ ಹೋಗಬಹುದು, ಅವರು ಹೊರಟಾಗಲೇ ಹಿಂದಿರುಗಬೇಕು, ಅವರಿಗೆ ಬೇಸರವಾಗಬಾರದೆಂದು ಬಾಯಿಮುಚ್ಚಿ ಇರಬೇಕು ಎಂದಾದರೆ ಅದು ಬಾಳುವೆಯಲ್ಲ. ಹೆಗಲು ದಣಿಯುತ್ತದೆ, ಮುದಿಯಾಗುತ್ತದೆ, ಒಂದು ದಿನ ಮಣ್ಣಿಗೆ ಸೇರುತ್ತದೆ. ದಾರಿ ಉಳಿಯುತ್ತದೆ.

ಒಂದು ಮನೆಯಿಂದ ಹೊರಟು ನೋಡೋಣ. ನಮ್ಮದು ಗುಡ್ಡದ ನಾಡು. ಮನೆ ಮೇಲೆ, ರಸ್ತೆ ಕೆಳಗೆ. ಇಲ್ಲವೇ ಮನೆ ಕೆಳಗೆ, ರಸ್ತೆ ಮೇಲೆ. ಅಂಗಳದಿಂದ ಇಳಿಯಲು ಮುರಕಲ್ಲಿನ ಮೆಟ್ಟಿಲು; ಮಳೆಗಾಲದಲ್ಲಿ ಅದರ ಮೇಲೆ ಹಸಿರು ಪಾಚಿ. ಬೇಲಿಯಲ್ಲಿ ತಡಮೆ. ತೋಡಿಗೆ ಅಡಿಕೆ ಮರದ ಸಂಕ. ಇಷ್ಟು ದಾಟಿದರೆ ಬಸ್ಸು. ಬಸ್ಸಿನ ಮೊದಲ ಮೆಟ್ಟಿಲು ಮೊಣಕಾಲ ಎತ್ತರ; ಚಾಲಕನು ರಸ್ತೆಯ ನಡುವೆ ನಿಲ್ಲಿಸಿದರೆ ಇನ್ನೂ ಎತ್ತರ. ಪೇಟೆಯಲ್ಲಿ ಇಳಿದರೆ ಚರಂಡಿಯ ಚಪ್ಪಡಿ ಒಂದು ಉಂಟು, ಒಂದು ಇಲ್ಲ. ಬಿಳಿಕೋಲು ಹಿಡಿದವನಿಗೆ ಅದು ಬಾವಿ ಇದ್ದಂತೆ. ಕಾಲುದಾರಿಯಲ್ಲಿ ಬೈಕು ನಿಂತಿದೆ, ಅಂಗಡಿಯವನು ಮೂಟೆ ಇಟ್ಟಿದ್ದಾನೆ. ಕಚೇರಿ ಮೇಲಿನ ಮಹಡಿಯಲ್ಲಿ. ಕಿವಿ ಕೇಳದವನಿಗೆ ಹೆಸರು ಕೂಗುವುದು ತಿಳಿಯದು, ಬೋರ್ಡಿನಲ್ಲಿ ನಂಬರು ಬರೆದಿಲ್ಲ. ಗಾಲಿಕುರ್ಚಿ ಹೋಗುವಷ್ಟು ಅಗಲದ ಕಕ್ಕಸು ಇಲ್ಲದ್ದರಿಂದ ಹೆಣ್ಣುಮಗಳೊಬ್ಬಳು ಬೆಳಗಿನಿಂದ ನೀರು ಕುಡಿಯದೆಯೇ ಹೊರಟು ಬಂದಿರುತ್ತಾಳೆ.

ಸಮಾರಂಭ ಮಾಡಿ ಗಾಲಿಕುರ್ಚಿ ಹಂಚುವವರಿಗೆ ಕೊರತೆಯಿಲ್ಲ. ಫೋಟೋ ತೆಗೆಸಿಕೊಂಡು ಹೋದವರು ಆ ಕುರ್ಚಿ ಉರುಳಲು ದಾರಿಯುಂಟೇ ಎಂದು ನೋಡುವುದಿಲ್ಲ. ದಾರಿಯಿಲ್ಲದ ಗಾಲಿಕುರ್ಚಿ ಬಟ್ಟೆ ಒಣಗಿಸಲು ಮಾತ್ರ ಉಪಯೋಗ.

ನಾವು ತೋಟದ ಕೆಲಸಗಾರರು. ನಮಗೆ ಒಂದು ವಿಷಯ ಚೆನ್ನಾಗಿ ಗೊತ್ತಿದೆ. ಮನಸ್ಸಿದ್ದರೆ ಗುಡ್ಡದಲ್ಲೂ ದಾರಿ ಆಗುತ್ತದೆ. ಗೇರುಬೀಜದ ಚೀಲ ಇಳಿಸಲು, ರಬ್ಬರಿನ ಹಾಲು ಸಾಗಿಸಲು ಜೀಪು ಹೋಗಬೇಕೆಂದಾಗ ಗುಡ್ಡವನ್ನು ಸುತ್ತಿ ಸುತ್ತಿ ಇಳಿಜಾರು ಕಡಿದವರು ಕೂಲಿಯಾಳುಗಳೇ. ಸರಕಿಗೆ ದಾರಿ ಮಾಡಿದ ಕೈಗೆ ಮನುಷ್ಯನಿಗೆ ದಾರಿ ಮಾಡಲು ಬಾರದೆ?

ಈಗ ಕಾನೂನಿನ ಮಾತು. ನಮ್ಮ ಭಾಷೆಯಲ್ಲಿ ನ್ಯಾಯ ಕೇಳುವುದಕ್ಕೆ ಕೋರ್ಟಿನ ಮೆಟ್ಟಿಲು ಹತ್ತುವುದು ಎನ್ನುತ್ತೇವೆ. ಮೆಟ್ಟಿಲು ಹತ್ತಲಾರದವನು ಏನು ಮಾಡಬೇಕು? ಅದಕ್ಕೆ ಉತ್ತರವಾಗಿ ಅಂಗವಿಕಲರ ಹಕ್ಕುಗಳ ಕಾಯಿದೆ 2016ರಲ್ಲಿ ಬಂತು. 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯಿದೆ 7 ಬಗೆಯ ಅಂಗವೈಕಲ್ಯವನ್ನು ಹೇಳಿದ್ದರೆ ಇದು 21 ಬಗೆಯನ್ನು ಹೇಳುತ್ತದೆ. ಅಂಗವಿಕಲರು ಒಳಗೆ ಹೋಗಲಾಗದಂಥ ಸಾರ್ವಜನಿಕ ಕಟ್ಟಡದ ನಕ್ಷೆಗೆ ಅನುಮತಿ ಕೊಡಬಾರದು, ಕಟ್ಟಿ ಮುಗಿದಿದೆಯೆಂಬ ಸರ್ಟಿಫಿಕೇಟೂ ಕೊಡಬಾರದು ಎನ್ನುತ್ತದೆ. ಹಳೆಯ ಕಟ್ಟಡಗಳನ್ನು ಸರಿಪಡಿಸಲು ನಿಯಮಗಳು ಪ್ರಕಟವಾದಂದಿನಿಂದ ಐದು ವರ್ಷ ಗಡುವು ಕೊಟ್ಟಿತ್ತು. ನಿಯಮ ಬಂದದ್ದು 2017ರ ಜೂನ್. ಗಡುವು 2022ರ ಜೂನ್‌ಗೆ ಮುಗಿಯಿತು. ಇನ್ನೊಂದು ಮಾತನ್ನು ಕಿವಿಗೊಟ್ಟು ಕೇಳಿ: ಸಾರ್ವಜನಿಕ ಕಟ್ಟಡವೆಂದರೆ ಸರಕಾರಿ ಕಚೇರಿ ಮಾತ್ರವಲ್ಲ. ಶಾಲೆ, ಆಸ್ಪತ್ರೆ, ಅಂಗಡಿ, ಕೆಲಸದ ಸ್ಥಳ, ಬಸ್ ನಿಲ್ದಾಣ ಮತ್ತು ಆರಾಧನೆಯ ಸ್ಥಳ, ಇವೆಲ್ಲ ಆ ಮಾತಿನಲ್ಲಿ ಸೇರಿವೆ.

ರಾಜೀವ್ ರತೂರಿ ಎಂಬ ದೃಷ್ಟಿಹೀನರೊಬ್ಬರು ರಸ್ತೆ, ಬಸ್ಸು, ಕಟ್ಟಡಗಳು ತಮ್ಮಂಥವರಿಗೂ ದಕ್ಕಬೇಕೆಂದು 2005ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. 2017ರ ಡಿಸೆಂಬರಿನಲ್ಲಿ ತೀರ್ಪು ಬಂತು. ಕೆಲಸ ನಿಧಾನವಾಗಿಯೇ ನಡೆಯಿತು. 2024ರ ನವೆಂಬರ್ 8ರಂದು ಕೋರ್ಟು ಮತ್ತೆ ಹೇಳಿತು: ಬೇಕಾದರೆ ಮಾಡಿ ಎಂಬ ಸಲಹೆಯ ರೂಪದಲ್ಲಿ ನಿಯಮ ಇರಕೂಡದು, ಮಾಡಲೇಬೇಕೆಂಬ ಕಟ್ಟುನಿಟ್ಟು ಬೇಕು. ಒಬ್ಬ ಮನುಷ್ಯನು ಕೇಳಿದ ದಾರಿ 19 ವರ್ಷ ನಡೆದರೂ ಮುಗಿಯಲಿಲ್ಲ. ಆದರೂ ಅವರು ಕೇಳಿದ್ದರಿಂದಲೇ ನಮಗೆ ಇಂದು ಕೇಳಲು ಬಲ ಬಂದಿದೆ.

ಇಷ್ಟು ಜನಕ್ಕಾಗಿ ಇಷ್ಟು ಖರ್ಚೇ ಎಂದು ಕೇಳುವವರಿದ್ದಾರೆ. ಅವರಿಗೆ 2020ರ ಮಾರ್ಚ್ ತಿಂಗಳನ್ನು ನೆನಪಿಸಿ. ಕೊರೋನಾ ಕಾಲದಲ್ಲಿ ತಲಪಾಡಿಯ ಗಡಿ ಮುಚ್ಚಿತು. ಒಳದಾರಿಗಳಿಗೂ ಮಣ್ಣು ಸುರಿದರು. ಆಸ್ಪತ್ರೆಗೆಂದರೆ ಮಂಗಳೂರು ಎಂದು ನಂಬಿದ್ದ ನಮ್ಮವರು ಆಂಬುಲೆನ್ಸಿನಲ್ಲೇ ಹಿಂದಿರುಗಿದರು, ಕೆಲವರು ಜೀವ ಬಿಟ್ಟರು. ಆಸ್ಪತ್ರೆ ಕಣ್ಣ ಮುಂದಿದ್ದೂ ಹೋಗಲಾರೆವು ಎಂಬ ಸಂಕಟ ಏನೆಂದು ಆಗ ಇಡೀ ಜಿಲ್ಲೆ ಕಂಡಿತು. ನಮಗೆ ಕೆಲವು ವಾರಗಳ ಆ ಅನುಭವ ಅಂಗವಿಕಲರಿಗೆ ನಿತ್ಯದ ಊಟವಿದ್ದಂತೆ. ಮತ್ತೆ, ದಾರಿ ಸುಗಮವಾದರೆ ಅದು ಅವರಿಗೆ ಮಾತ್ರವೇ? ಮೊಣಕಾಲು ನೋವಿನ ಅಜ್ಜಿಗೆ, ತುಂಬು ಬಸುರಿಗೆ, ಮರದಿಂದ ಬಿದ್ದು ಸೊಂಟ ಮುರಿದ ಕೆಲಸಗಾರನಿಗೆ, ಎಲ್ಲರಿಗೂ ಅದೇ ದಾರಿ.

ಇನ್ನು ನಾವು ಮಾಡಬೇಕಾದುದು. ಮೊದಲನೆಯದು ಅಳತೆ. ನಮ್ಮಲ್ಲಿ ಕಲ್ಲು ಕಟ್ಟುವವರು, ಸಿಮೆಂಟು ಕೆಲಸದವರು ಇದ್ದಾರೆ, ಅವರು ಗಮನಿಸಲಿ. ಇಳಿಜಾರಿನ ಲೆಕ್ಕ ಒಂದಕ್ಕೆ ಹನ್ನೆರಡು: 1 ಅಡಿ ಎತ್ತರಕ್ಕೆ 12 ಅಡಿ ಉದ್ದ. 6 ಅಂಗುಲದ ಮೂರು ಮೆಟ್ಟಿಲಿದ್ದರೆ ಎತ್ತರ ಒಂದೂವರೆ ಅಡಿ. ಇಳಿಜಾರು 18 ಅಡಿ ಬೇಕು. ಎಷ್ಟೋ ಕಡೆ ಕಾಟಾಚಾರಕ್ಕೆ ಐದಾರು ಅಡಿಯಲ್ಲಿ ಸಿಮೆಂಟಿನ ಗುಡ್ಡೆ ಮಾಡಿ ಮುಗಿಸುತ್ತಾರೆ. ಅದರಲ್ಲಿ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಅಗಲ 4 ಅಡಿಗೆ ಕಡಿಮೆಯಾಗಬಾರದು. ಎರಡೂ ಬದಿ ಹಿಡಿಯಲು ಕಂಬಿ, ಚಕ್ರ ಹೊರಗೆ ಜಾರದಂತೆ ಅಂಚಿನಲ್ಲಿ 3-4 ಅಂಗುಲದ ಕಟ್ಟೆ, ಬಾಗಿಲ ಮುಂದೆ 5 ಅಡಿ ಚೌಕದ ಸಮ ಜಾಗ, ಬಾಗಿಲಿಗೆ 3 ಅಡಿ ತೆರಪು. ನಯವಾಗಿ ತೀಡಬೇಡಿ; ಸಿಮೆಂಟು ಹಸಿಯಿರುವಾಗಲೇ ಹಿಡಿಸೂಡಿಯಿಂದ ಗೀರಿ ಒರಟು ಮಾಡಿ. ನಮ್ಮ ಮಳೆಗೆ ನಯವಾದ ನೆಲ ಶತ್ರು.

ಎರಡನೆಯದು, ನಮ್ಮ ಬಾಗಿಲಿನಿಂದಲೇ ಪ್ರಾರಂಭ. ನಾವು ಕೂಡುವ ದೇವಾಲಯದ, ಯೂನಿಯನ್ ಕೋಣೆಯ, ಅಂಗನವಾಡಿಯ ಮೆಟ್ಟಿಲುಗಳನ್ನು ಈ ವಾರವೇ ಎಣಿಸೋಣ. ಒಂದು ಆದಿತ್ಯವಾರದ ಮಧ್ಯಾಹ್ನದ ಶ್ರಮದಾನದಲ್ಲಿ ಆಗುವ ಕೆಲಸಕ್ಕೆ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಸಂಕಕ್ಕೆ ಎರಡು ಹಲಗೆ, ಒಂದು ಕೈಹಿಡಿ. ತಡಮೆಯ ಬದಲು ಒಂದು ಗೇಟು. ಇಷ್ಟು ನಮ್ಮ ಕೈಯಲ್ಲಿದೆ.

ಮೂರನೆಯದು, ಕೇಳುವುದು. ಪ್ರತಿ ವಾರ್ಡಿಗೂ ಗ್ರಾಮಸಭೆಯುಂಟು; ಅಂಗವಿಕಲರಿಗೆಂದೇ ಪಂಚಾಯತುಗಳು ಬೇರೆ ಗ್ರಾಮಸಭೆಯನ್ನೂ ಕರೆಯುತ್ತವೆ. ಅಲ್ಲಿಗೆ ಬರಿಗೈಯಲ್ಲಿ ಹೋಗಬೇಡಿ. ಇಂಥ ಮನೆಯಿಂದ ಇಂಥ ಬಸ್ ನಿಲ್ದಾಣದ ತನಕ ಇಷ್ಟು ಅಡಿ, ಇಷ್ಟು ಮೆಟ್ಟಿಲು, ಇಷ್ಟು ಮನೆಗಳಿಗೆ ಉಪಯೋಗ ಎಂದು ಬರೆದುಕೊಂಡು ಹೋಗಿ. ಮಲಯಾಳ ಬರೆಯಲು ಬಾರದೆಂದು ಹಿಂಜರಿಯಬೇಡಿ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಈ ಭಾಗದ ಕನ್ನಡಿಗರಿಗೆ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ಅರ್ಜಿಯ ಪ್ರತಿ ಇಟ್ಟುಕೊಂಡು ರಶೀದಿ ತೆಗೆದುಕೊಳ್ಳಿ. ಉತ್ತರ ಬಾರದಿದ್ದರೆ ಅಂಗವಿಕಲರಿಗಾಗಿ ಇರುವ ರಾಜ್ಯ ಕಮಿಷನರರಿಗೆ ಬರೆಯಿರಿ. ಕಾಯಿದೆ ಮೀರಿದವರಿಗೆ ಮೊದಲ ಸಲ 10,000 ರೂಪಾಯಿಯ ತನಕ, ಮತ್ತೆ ಮೀರಿದರೆ 50,000ದಿಂದ 5 ಲಕ್ಷ ರೂಪಾಯಿಯ ತನಕ ದಂಡವುಂಟು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಯಾವುದೇ ದಾರಿಯನ್ನು ಮಾಡುವ ಮುಂಚೆ ಅದರಲ್ಲಿ ಹೋಗುವವರನ್ನು ಕೇಳಿ. ಬಳಿಯಲ್ಲಿ ನಿಂತಿರುವ ಅಣ್ಣನನ್ನಾಗಲಿ ತಾಯಿಯನ್ನಾಗಲಿ ಕೇಳಿ ಮುಗಿಸಬೇಡಿ, ಅವರನ್ನೇ ಕೇಳಿ. ಮಾತು ತಡವಾಗಿ ಬರುವವರ ಮುಂದೆ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಕಂಬಿ ಎಷ್ಟು ಎತ್ತರಕ್ಕಿರಬೇಕು, ಎಲ್ಲಿ ಹೆದರಿಕೆಯಾಗುತ್ತದೆ, ಯಾವ ಜಾಗಕ್ಕೆ ಹೋಗಬೇಕೆಂದು ಆಸೆ, ಇದು ಅವರಿಗೆ ಗೊತ್ತಿರುವಷ್ಟು ಯಾವ ಇಂಜಿನಿಯರನಿಗೂ ಗೊತ್ತಿಲ್ಲ. ಬಹಳ ಮಂದಿ ಆಸ್ಪತ್ರೆಯ ಹೆಸರು ಹೇಳಲಾರರು. ಸಂತೆಯ ಹೆಸರು ಹೇಳುವರು, ಜಾತ್ರೆಯ ಹೆಸರು ಹೇಳುವರು, ಸ್ನೇಹಿತನ ಮನೆಯ ಹೆಸರು ಹೇಳುವರು. ಹೋಗಬೇಕಾದ ಜಾಗ ಚಿಕಿತ್ಸೆಯದೇ ಆಗಬೇಕೆಂದು ಯಾರು ಹೇಳಿದರು?

ಬರುವ ತಿಂಗಳ ಕೂಟಕ್ಕೆ ಒಂದೊಂದು ಕುಟುಂಬವೂ ತಮ್ಮ ನೆರೆಯ ಒಂದು ಮನೆಯ ದಾರಿಯ ಅಳತೆಯನ್ನು ಕಾಗದದಲ್ಲಿ ಬರೆದು ತರಬೇಕೆಂದು ಕೇಳಿಕೊಳ್ಳುತ್ತೇನೆ. ಮೆಟ್ಟಿಲೆಷ್ಟು, ಎತ್ತರವೆಷ್ಟು, ತೋಡೆಷ್ಟು ಅಗಲ. ಆ ಕಾಗದಗಳನ್ನು ಒಟ್ಟುಗೂಡಿಸಿ, ಯಾವುದು ನಮ್ಮ ಕೈಗೆ, ಯಾವುದು ಪಂಚಾಯತಿಗೆ ಎಂದು ಬೇರ್ಪಡಿಸಿ, ಮಳೆ ಬರುವ ಮೊದಲು ಒಂದು ದಾರಿಯನ್ನಾದರೂ ಮುಗಿಸೋಣ. ಹೊತ್ತು ಹೊತ್ತು ಬೆನ್ನು ಬಾಗಿದ ತಾಯಿಗೆ ನಾವು ಕೊಡಬಹುದಾದ ಉತ್ತರ ಅದೊಂದೇ.