ಕೊನೆಯ ಗಳಿಗೆಯ ಕಾನೂನು

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ತಾಳೆಗರಿಯ ಒಂದು ಕಟ್ಟನ್ನು ಆರ್. ಶಾಮಶಾಸ್ತ್ರಿಗಳು ಓದಿ, ಪರಿಷ್ಕರಿಸಿ, 1909ರಲ್ಲಿ ಅಚ್ಚು ಹಾಕಿಸಿದಾಗ ಕೌಟಿಲ್ಯನ ಅರ್ಥಶಾಸ್ತ್ರ ಮತ್ತೆ ಲೋಕದ ಕಣ್ಣಿಗೆ ಬಿತ್ತು. ಗೂಢಚಾರರು, ತೆರಿಗೆ, ಕೋಟೆ ಕೊತ್ತಲಗಳ ಬಗ್ಗೆ ಆ ಗ್ರಂಥ ಏನು ಹೇಳುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತು. ಅದರ ಎರಡನೇ ಅಧಿಕರಣದಲ್ಲಿ ಕಸಾಯಿಖಾನೆಯ ಅಧಿಕಾರಿಗೆಂದೇ ಒಂದು ಪುಟ್ಟ ಅಧ್ಯಾಯವಿದೆ ಎಂಬುದನ್ನು ನೆನೆಯುವವರು ಕಡಿಮೆ. ಸೂನಾಧ್ಯಕ್ಷ ಎಂದು ಅವನ ಪದವಿಯ ಹೆಸರು. ಕರು, ಹೋರಿ, ಹಾಲು ಕೊಡುವ ಹಸು ಇವನ್ನು ಕೊಲ್ಲುವಂತಿಲ್ಲ, ಕೊಂದವನಿಗೆ 50 ಪಣ ದಂಡ ಎಂದ ಕೌಟಿಲ್ಯ, ಅದರ ಬೆನ್ನಿಗೇ ಇನ್ನೊಂದು ಮಾತು ಸೇರಿಸುತ್ತಾನೆ: ಪ್ರಾಣಿಯನ್ನು ಚಿತ್ರಹಿಂಸೆ ಕೊಟ್ಟು ಕೊಲ್ಲಿಸುವವನಿಗೂ ಅಷ್ಟೇ ದಂಡ.

ಆ ಎರಡು ಮಾತುಗಳಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಯಾವ ಪ್ರಾಣಿಯನ್ನು ಕೊಲ್ಲಬಹುದು, ಯಾವುದನ್ನು ಕೂಡದು ಎಂಬುದು ಒಂದು. ಕೊಲ್ಲುವುದೇ ಆದರೆ ಹೇಗೆ ಎಂಬುದು ಇನ್ನೊಂದು. ಮೊದಲನೆಯದಕ್ಕಾಗಿ ನಮ್ಮ ದೇಶ ಶಾಸನಸಭೆಗಳಲ್ಲಿ, ನ್ಯಾಯಾಲಯಗಳಲ್ಲಿ, ಬೀದಿಗಳಲ್ಲಿ ಎಡೆಬಿಡದೆ ವಾದಿಸಿದೆ, ಬಡಿದಾಡಿದೆ. ಎರಡನೆಯದಕ್ಕೆ ಕಾನೂನಿನ ಪುಸ್ತಕದಲ್ಲಿ ಜಾಗ ಕೊಟ್ಟು ಸುಮ್ಮನಾಗಿದೆ. ಪ್ರಾಣಿ ನೋವು ಉಣ್ಣುವುದು ಎರಡನೆಯ ಪ್ರಶ್ನೆಯಲ್ಲಿ.

ಹಿಂದಿನವರಿಗೆ ಪ್ರಾಣಿಯ ನೋವಿನ ಬಗ್ಗೆ ವಿವೇಕ ಇರಲಿಲ್ಲವೆಂದಲ್ಲ. ನಮ್ಮ ಮಸ್ಕಿ, ಬ್ರಹ್ಮಗಿರಿ, ಸನ್ನತಿಗಳಲ್ಲಿ ಕಲ್ಲಿನ ಮೇಲೆ ಮಾತು ಕೊರೆಸಿದ ಅಶೋಕ, ಉತ್ತರ ಭಾರತದ ತನ್ನ ಐದನೇ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಉದ್ದನೆಯ ಪಟ್ಟಿ ಕೊಟ್ಟಿದ್ದಾನೆ. ಗಬ್ಬವಾಗಿರುವ ಅಥವಾ ಮರಿಗೆ ಹಾಲೂಡಿಸುತ್ತಿರುವ ಆಡು, ಕುರಿ, ಹಂದಿ ಅದರಲ್ಲಿವೆ. ಆರು ತಿಂಗಳು ತುಂಬದ ಅವುಗಳ ಮರಿಗಳೂ ಇವೆ. ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಕಾಲ ಸರಿದ ಮೇಲೆ, 2001ರಲ್ಲಿ ದೆಹಲಿಯಿಂದ ಹೊರಟ ಕಸಾಯಿಖಾನೆ ನಿಯಮಗಳೂ ಗಬ್ಬದ ಪ್ರಾಣಿಯನ್ನು, ಮೂರು ತಿಂಗಳೊಳಗಿನ ಮರಿಯಿರುವ ತಾಯಿಯನ್ನು, ಮೂರು ತಿಂಗಳು ತುಂಬದ ಮರಿಯನ್ನು ವಧಿಸಬಾರದೆನ್ನುತ್ತವೆ.

ಆಧುನಿಕ ಸರ್ಕಾರಗಳು ಈ ದಾರಿಗೆ ಬಂದದ್ದು ತಡವಾಗಿ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ದನವನ್ನು ಬೀಳಿಸುತ್ತಿದ್ದುದು ಮೊನೆಯುಳ್ಳ ಉದ್ದ ಹಿಡಿಯ ಕೊಡಲಿಯಿಂದ. ಕೈ ಪಳಗಿದವನಾದರೆ ಒಂದೇ ಏಟು. ಹೊಸಬನಾದರೆ ಎಷ್ಟು ಏಟೋ ದೇವರಿಗೇ ಗೊತ್ತು. 1904ರಲ್ಲಿ ಬ್ರಿಟನ್ನಿನ ನೌಕಾ ಇಲಾಖೆ ನೇಮಿಸಿದ ಸಮಿತಿ, ರಕ್ತ ಹರಿಸುವ ಮುನ್ನ ಪ್ರಾಣಿಯ ಪ್ರಜ್ಞೆ ತಪ್ಪಿಸಬೇಕೆಂದು ಸಲಹೆ ಮಾಡಿತು. ಅಷ್ಟರಲ್ಲೇ ಹಣೆಗೆ ಒತ್ತಿ ಹಿಡಿದು ಹೊಡೆಯುವ ಪಿಸ್ತೂಲುಗಳು ಬಂದವು. ಟ್ರಿಗರ್ ಎಳೆದರೆ ಉಕ್ಕಿನ ಮೊಳೆಯೊಂದು ಚಿಮ್ಮಿ ತಲೆಬುರುಡೆಗೆ ಬಡಿದು ಮತ್ತೆ ಒಳಗೆ ಸರಿಯುತ್ತದೆ. ಪ್ರಾಣಿ ಆ ಕ್ಷಣವೇ ಎಚ್ಚರ ತಪ್ಪಿ ಕುಸಿಯುತ್ತದೆ. ಆದರೂ ಸಮಿತಿಯ ಸಲಹೆ ಕಾನೂನಾಗಲು 29 ವರ್ಷ ಬೇಕಾಯಿತು. 1933ರ ಕಾಯ್ದೆ ದನಗಳಿಗೆ ಇಂಥ ಉಪಕರಣವನ್ನು ಕಡ್ಡಾಯ ಮಾಡಿತು, ಯಹೂದ್ಯರ ಮತ್ತು ಮುಸ್ಲಿಮರ ಧಾರ್ಮಿಕ ವಿಧಾನಗಳಿಗೆ ವಿನಾಯಿತಿ ಕೊಟ್ಟಿತು.

ಇಂಥ ಕಾನೂನು ದ್ವೇಷದ ಆಯುಧವೂ ಆಗಿದ್ದುಂಟು. 1893ರಲ್ಲಿ ಸ್ವಿಟ್ಜರ್ಲೆಂಡ್ ಜನಮತ ಪಡೆದು, ಪ್ರಜ್ಞೆ ತಪ್ಪಿಸದೆ ಮಾಡುವ ವಧೆಯನ್ನು ನಿಷೇಧಿಸಿತು. ಆ ಪ್ರಚಾರದಲ್ಲಿ ಪ್ರಾಣಿದಯೆಯ ಜೊತೆಗೆ ಯಹೂದ್ಯರ ಮೇಲಿನ ಅಸಹನೆಯೂ ಬೆರೆತಿತ್ತು. 1933ರ ಏಪ್ರಿಲಿನಲ್ಲಿ, ಅಧಿಕಾರಕ್ಕೆ ಬಂದು ಇನ್ನೂ ಮೂರು ತಿಂಗಳು ತುಂಬದ ನಾತ್ಸಿ ಸರ್ಕಾರ ಜರ್ಮನಿಯಲ್ಲಿ ಇಂಥದೇ ಕಾನೂನು ತಂದಾಗ ಅದರ ಉದ್ದೇಶ ಯಾರಿಗೂ ಗುಟ್ಟಾಗಿರಲಿಲ್ಲ.

ಅಮೆರಿಕದ ಕಥೆಯಲ್ಲಿ ಆಡಳಿತಗಾರರು ಕಲಿಯಬೇಕಾದ ಪಾಠವಿದೆ. ಹ್ಯೂಬರ್ಟ್ ಹಂಫ್ರಿಯಂಥ ಸೆನೆಟರುಗಳ ಪ್ರಯತ್ನದಿಂದ 1958ರ ಆಗಸ್ಟಿನಲ್ಲಿ ಮಾನವೀಯ ವಧೆಯ ಕಾಯ್ದೆ ಬಂತು. ಸರ್ಕಾರಕ್ಕೆ ಮಾಂಸ ಮಾರುವ ಕಂಪನಿಗಳಿಗೆ ಮಾತ್ರ ಅದು ಅನ್ವಯಿಸುತ್ತಿತ್ತು. ತಪ್ಪು ಕಂಡರೆ ಕೆಲಸ ನಿಲ್ಲಿಸುವ ಅಧಿಕಾರ ಇನ್‌ಸ್ಪೆಕ್ಟರಿಗೆ ಸಿಕ್ಕಿದ್ದು ಇಪ್ಪತ್ತು ವರ್ಷ ಕಳೆದು, 1978ರಲ್ಲಿ. ಆ ಅಧಿಕಾರ ಬಂದ ಮೇಲೂ ಒಳಗೆ ಏನು ನಡೆಯುತ್ತಿದೆಯೆಂದು ಯಾರೂ ಲೆಕ್ಕ ಇಟ್ಟಿರಲಿಲ್ಲ. ಆ ಲೆಕ್ಕ ಶುರು ಮಾಡಿದವರು ಟೆಂಪಲ್ ಗ್ರ್ಯಾಂಡಿನ್ ಎಂಬ ಪ್ರಾಣಿವಿಜ್ಞಾನಿ.

ಗ್ರ್ಯಾಂಡಿನ್ ಆಟಿಸಂ ಇರುವ ಮಹಿಳೆ. ದನಗಳು ನಡೆದು ಬರುವ ಓಣಿಯೊಳಗೆ ತಾವೇ ಇಳಿದು, ಬಗ್ಗಿ, ದನದ ಕಣ್ಣಿನ ಎತ್ತರದಿಂದ ನೋಡಿದರು. ಅಲ್ಲಾಡುವ ಒಂದು ಸರಪಳಿ, ಒದ್ದೆ ನೆಲದ ಮೇಲೆ ಮಿನುಗುವ ಬೆಳಕು, ಬೇಲಿಯ ಮೇಲೆ ಯಾರೋ ನೇತುಹಾಕಿದ ಕೋಟು, ಅಡ್ಡಬಿದ್ದ ನೆರಳು ಇಷ್ಟು ಸಾಕು, ಮುಂದಿನ ದನ ಬೆದರಿ ನಿಂತುಬಿಡುತ್ತದೆ. ನಿಂತ ದನಕ್ಕೆ ಕರೆಂಟಿನ ಕೋಲು, ಹೊಡೆತ, ಬೈಗುಳ. ಸರಪಳಿ ಕಟ್ಟಿಹಾಕಿ, ದೀಪ ಸರಿಸಿಟ್ಟರೆ ಅದೇ ದನ ತಾನಾಗಿ ನಡೆಯುತ್ತದೆ. 1996ರಲ್ಲಿ ಅಮೆರಿಕದ ಕೃಷಿ ಇಲಾಖೆಗಾಗಿ ಅವರು ಸಮೀಕ್ಷೆ ಮಾಡಿದಾಗ, ನೂರರಲ್ಲಿ 95 ದನಗಳನ್ನಾದರೂ ಮೊದಲ ಹೊಡೆತಕ್ಕೇ ಪ್ರಜ್ಞೆ ತಪ್ಪಿಸಬಲ್ಲ ಕಸಾಯಿಖಾನೆಗಳು ಸುಮಾರು ಮೂರರಲ್ಲಿ ಒಂದು ಮಾತ್ರ. ಎಷ್ಟು ದನ ಕೂಗಿದವು, ಎಷ್ಟು ಜಾರಿ ಬಿದ್ದವು, ಎಷ್ಟಕ್ಕೆ ಕರೆಂಟು ತಾಗಿಸಿದರು ಎಂದು ಎಣಿಸುವ ಪದ್ಧತಿಯನ್ನು ಅವರು ರೂಪಿಸಿದರು. 1999ರಲ್ಲಿ ಮೆಕ್‌ಡೊನಾಲ್ಡ್ಸ್ ಆ ಎಣಿಕೆಯನ್ನೇ ಇಟ್ಟುಕೊಂಡು ತನಗೆ ಮಾಂಸ ಒದಗಿಸುವವರನ್ನು ತಪಾಸಣೆ ಮಾಡತೊಡಗಿದಾಗ ಪರಿಸ್ಥಿತಿ ಬೇಗನೆ ಸುಧಾರಿಸಿತು. ಬಹುಪಾಲು ಕಡೆ ಹೊಸ ಯಂತ್ರವೇನೂ ಬೇಕಾಗಲಿಲ್ಲ. ಪಿಸ್ತೂಲನ್ನು ದಿನವೂ ಒರೆಸಿ ಇಟ್ಟುಕೊಳ್ಳುವುದು, ನೆಲ ಜಾರದಂತೆ ಮಾಡುವುದು, ಕೆಲಸಗಾರರಿಗೆ ತರಬೇತಿ ಕೊಡುವುದು ಸಾಕಾಯಿತು.

ಹಾಗೆಂದು ಕಣ್ಣು ತಪ್ಪಿಸುವುದು ನಿಲ್ಲಲಿಲ್ಲ. 2008ರಲ್ಲಿ ಕ್ಯಾಲಿಫೋರ್ನಿಯಾದ ಚಿನೋ ಎಂಬಲ್ಲಿ ಎದ್ದು ನಿಲ್ಲಲಾಗದ ಹಸುಗಳನ್ನು ಫೋರ್ಕ್‌ಲಿಫ್ಟ್‌ನಿಂದ ತಳ್ಳುವ ದೃಶ್ಯ ಗುಟ್ಟಾಗಿ ಚಿತ್ರೀಕರಣವಾಗಿ ಹೊರಬಂತು. 14.3 ಕೋಟಿ ಪೌಂಡ್ ಮಾಂಸವನ್ನು ಹಿಂದಕ್ಕೆ ಕರೆಸಬೇಕಾಯಿತು. ಸರ್ಕಾರಿ ಇನ್‌ಸ್ಪೆಕ್ಟರುಗಳು ಅಲ್ಲಿ ಮೊದಲಿನಿಂದಲೂ ಇದ್ದರು. ಇಂಥದನ್ನು ತಡೆಯಲು ಇಂಗ್ಲೆಂಡು 2018ರಲ್ಲಿ ಎಲ್ಲ ಕಸಾಯಿಖಾನೆಗಳಲ್ಲೂ ಸಿಸಿಟಿವಿ ಕ್ಯಾಮೆರಾ ಕಡ್ಡಾಯ ಮಾಡಿತು.

ಇನ್ನು ನಮ್ಮ ದೇಶ. 1861ರಲ್ಲಿ ಕೋಲ್ಸ್‌ವರ್ದಿ ಗ್ರಾಂಟ್ ಕಲ್ಕತ್ತೆಯಲ್ಲಿ ಪ್ರಾಣಿಹಿಂಸೆ ತಡೆಯುವ ಮೊದಲ ಸಂಘ ಕಟ್ಟಿದರು. 1890ರಲ್ಲಿ ಬ್ರಿಟಿಷರು ತಂದ ಕಾಯ್ದೆ ಅನಗತ್ಯ ಕ್ರೌರ್ಯವನ್ನು ಶಿಕ್ಷಿಸಿತು, ಧಾರ್ಮಿಕ ವಿಧಿಯ ವಧೆಯನ್ನು ಹೊರಗಿಟ್ಟಿತು. ಅದು ಸಾಲದೆಂದು ಹಟ ಹಿಡಿದವರು ಕಲಾಕ್ಷೇತ್ರದ ರುಕ್ಮಿಣಿದೇವಿ ಅರುಂಡೇಲ್. ಭರತನಾಟ್ಯಕ್ಕೆ ಮರ್ಯಾದೆಯ ವೇದಿಕೆ ಕೊಟ್ಟವರೆಂದು ನಾಡಿಗೆಲ್ಲ ಪರಿಚಿತರಾದ ಅವರು 1952ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು. ಮರುವರ್ಷವೇ ಪ್ರಾಣಿಹಿಂಸೆ ತಡೆಯುವ ಖಾಸಗಿ ಮಸೂದೆ ಮಂಡಿಸಿದರು. ಸರ್ಕಾರವೇ ಕಾನೂನು ತರುತ್ತದೆಂದು ಪ್ರಧಾನಿ ನೆಹರೂ ಭರವಸೆ ಕೊಟ್ಟ ಮೇಲೆ ಅದನ್ನು ಹಿಂತೆಗೆದುಕೊಂಡರು.

ಆ ಭರವಸೆ ಕಾಯ್ದೆಯಾಗುವ ನಡುವೆ 1958 ಬಂತು. ಅಮೆರಿಕದ ಶಾಸನಸಭೆ ಹೇಗೆ ಕೊಲ್ಲಬೇಕೆಂದು ಚರ್ಚಿಸುತ್ತಿದ್ದ ಅದೇ ವರ್ಷ, ನಮ್ಮ ಸುಪ್ರೀಂ ಕೋರ್ಟು ಮಹಮ್ಮದ್ ಹನೀಫ್ ಖುರೇಶಿ ಪ್ರಕರಣದಲ್ಲಿ ಯಾವ ದನವನ್ನು ಕೊಲ್ಲಬಹುದೆಂಬ ತೀರ್ಪು ಕೊಡುತ್ತಿತ್ತು. ಸಂವಿಧಾನದ 48ನೇ ವಿಧಿಯಿಂದ ಹೊರಟ ಆ ಚರ್ಚೆ ಕರ್ನಾಟಕದಲ್ಲಿ 1964ರ ಗೋಹತ್ಯೆ ತಡೆ ಕಾಯ್ದೆಯಾಯಿತು, 2020ರಲ್ಲಿ ಮತ್ತಷ್ಟು ಬಿಗಿಯಾಯಿತು. ಅದರ ಸರಿತಪ್ಪು ಬೇರೆಯ ಮಾತು. ಆ ಗದ್ದಲದಲ್ಲಿ ಕಾನೂನುಬದ್ಧವಾಗಿಯೇ ಕಸಾಯಿಖಾನೆಗೆ ಹೋಗುವ ಕುರಿ, ಮೇಕೆ, ಕೋಳಿಗಳ ದನಿ ಅಡಗಿಹೋಯಿತು.

1960ರ ಕೊನೆಗೆ ಪ್ರಾಣಿಹಿಂಸಾ ತಡೆ ಕಾಯ್ದೆ ಬಂತು. ಅದರ ಆಶಯದ ಫಲವಾಗಿ 1962ರಲ್ಲಿ ಮದರಾಸಿನಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಹುಟ್ಟಿತು; ರುಕ್ಮಿಣಿದೇವಿಯವರೇ ಮೊದಲ ಅಧ್ಯಕ್ಷೆ. ಮನುಷ್ಯನನ್ನು ಬಿಟ್ಟು ಉಳಿದ ಪ್ರತಿ ಜೀವಿಯೂ ಈ ಕಾಯ್ದೆಯ ಪ್ರಕಾರ ಪ್ರಾಣಿಯೇ. ಆಹಾರಕ್ಕಾಗಿ ಕೊಲ್ಲುವುದು ಅಪರಾಧವಲ್ಲ; ಅನಗತ್ಯ ನೋವು ಕೊಟ್ಟರೆ ಅಪರಾಧ. ಮತಧರ್ಮ ಹೇಳುವ ಕ್ರಮದಲ್ಲಿ ಕೊಂದರೆ 28ನೇ ಸೆಕ್ಷನ್ ರಕ್ಷಣೆ ಕೊಡುತ್ತದೆ. ದಂಡ? ಮೊದಲ ತಪ್ಪಿಗೆ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಕೌಟಿಲ್ಯನ 50 ಪಣ ಅವನ ಕಾಲಕ್ಕೆ ದೊಡ್ಡ ಮೊತ್ತ. ಇವತ್ತಿನ ಐವತ್ತು ರೂಪಾಯಿಗೆ ಕಾಲು ಕಿಲೋ ಕೋಳಿ ಮಾಂಸವೂ ಬರುವುದು ಕಷ್ಟ. ಇದನ್ನು ಇಷ್ಟು ದಶಕ ಹಾಗೆಯೇ ಬಿಟ್ಟದ್ದು ಸಂಸತ್ತಿನ ದೊಡ್ಡ ಲೋಪ.

ಕಾಯ್ದೆಯ ಕೆಳಗೆ ಬಂದ ನಿಯಮಗಳು ಮಾತ್ರ ಬಹಳ ಸೂಕ್ಷ್ಮವಾಗಿವೆ. 1978ರ ಸಾಗಣೆ ನಿಯಮದಂತೆ ಒಂದು ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನ ಸಾಗಿಸುವಂತಿಲ್ಲ, ಅವು ಬೆದರದಂತೆ ಆದಷ್ಟೂ ಎಂಜಿನ್ ಕಡೆಗೆ ಮುಖ ಮಾಡಿ ನಿಲ್ಲಿಸಬೇಕು. 2001ರ ಕಸಾಯಿಖಾನೆ ನಿಯಮದಂತೆ, ಬಂದ ಪ್ರಾಣಿಗೆ 24 ಗಂಟೆ ವಿಶ್ರಾಂತಿ ಕೊಡಬೇಕು. ಪಶುವೈದ್ಯರೊಬ್ಬರು ಗಂಟೆಗೆ 12ಕ್ಕಿಂತ, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ಪರೀಕ್ಷಿಸಬಾರದು. ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕೊಲ್ಲಕೂಡದು. 2011ರ ಆಹಾರ ಸುರಕ್ಷತಾ ನಿಯಮಾವಳಿ ಪ್ರಜ್ಞೆ ತಪ್ಪಿಸುವ ವಿಧಾನಗಳನ್ನೂ ವಿವರಿಸಿತು. 2012ರಲ್ಲಿ ಸುಪ್ರೀಂ ಕೋರ್ಟು, ಲಕ್ಷ್ಮೀ ನಾರಾಯಣ್ ಮೋದಿ ಅವರ ಅರ್ಜಿಯ ಮೇಲೆ, ಕಸಾಯಿಖಾನೆಗಳ ಮೇಲ್ವಿಚಾರಣೆಗೆ ಪ್ರತಿ ರಾಜ್ಯವೂ ಸಮಿತಿ ರಚಿಸಬೇಕೆಂದಿತು.

ಕಾಗದ ಇಷ್ಟು ಹೇಳುತ್ತದೆ. ಈಗ ಭಾನುವಾರ ಬೆಳಿಗ್ಗೆ ಯಾವುದೇ ಊರಿನ ಕೋಳಿ ಅಂಗಡಿಯ ಮುಂದೆ ನಿಂತು ನೋಡಿದರೆ ಸಾಕು. ಮೊಪೆಡ್ಡಿನ ಎರಡೂ ಬದಿಗೆ ಕಾಲು ಕಟ್ಟಿ ತಲೆಕೆಳಗಾಗಿ ಜೋತುಬಿದ್ದ ಕೋಳಿಗಳು ಬರುತ್ತವೆ. ತಂತಿಯ ಪಂಜರದಲ್ಲಿ ಒಂದರ ಮೇಲೊಂದು ಕೂತ ಹಕ್ಕಿಗಳಿಗೆ ಮೊಳದ ದೂರದಲ್ಲೇ ಕತ್ತಿ ಕಾಣುತ್ತಿರುತ್ತದೆ. ಗಿರಾಕಿ ಬೆರಳು ತೋರಿಸಿದ ಕೋಳಿಯ ಕುತ್ತಿಗೆ ಕೊಯ್ದು ನೀಲಿ ಡ್ರಮ್ಮಿಗೆ ಎಸೆಯುತ್ತಾರೆ. ಒಳಗಿನ ಬಡಿತ ನಿಲ್ಲುವ ಮೊದಲೇ ಮುಂದಿನದು. ದೇಶದಲ್ಲಿ ಉತ್ಪಾದನೆಯಾಗುವ ಮಾಂಸದಲ್ಲಿ ಸುಮಾರು ಅರ್ಧ ಕೋಳಿಯದೇ. ಆದರೆ 2001ರ ನಿಯಮ ಕಸಾಯಿಖಾನೆ ಎನ್ನುವುದು ದಿನಕ್ಕೆ ಹತ್ತು ಅಥವಾ ಹೆಚ್ಚು ಪ್ರಾಣಿಗಳನ್ನು ಕಡಿಯುವ, ಪರವಾನಗಿ ಇರುವ ಜಾಗಕ್ಕೆ. ಈ ಅಂಗಡಿಗಳತ್ತ ಯಾವ ಪಶುವೈದ್ಯರೂ ತಲೆಹಾಕುವುದಿಲ್ಲ. ಕೋಳಿ ಪ್ರಾಣಿಯೇ, ಅಲ್ಲವೇ ಎಂಬ ಚರ್ಚೆ 2023ರಲ್ಲಿ ಗುಜರಾತ್ ಹೈಕೋರ್ಟಿನವರೆಗೂ ಹೋಯಿತು. ಅಂಗಡಿಯವರನ್ನು ಮಾತ್ರ ದೂರಿ ಫಲವಿಲ್ಲ. ಅವರಿಗೆ ತರಬೇತಿ ಕೊಟ್ಟವರಿಲ್ಲ, ಒಳ್ಳೆಯ ವಧಾಗಾರ ಕಟ್ಟಿಕೊಟ್ಟವರಿಲ್ಲ.

ಗಾಂಧಿ ಜಯಂತಿಗೆ, ಮಹಾವೀರ ಜಯಂತಿಗೆ ಪ್ರಾಣಿವಧೆ, ಮಾಂಸ ಮಾರಾಟ ನಿಷೇಧಿಸಿ ಬೆಂಗಳೂರು ಪಾಲಿಕೆ ವರ್ಷ ವರ್ಷವೂ ಆದೇಶ ಹೊರಡಿಸುತ್ತ ಬಂದಿತ್ತು. ಮಿಕ್ಕ ದಿನಗಳಲ್ಲಿ ಹೇಗೆ ವಧಿಸಬೇಕೆಂಬ ಬಗ್ಗೆ ಅಷ್ಟೇ ಕಾಳಜಿಯ ಆದೇಶವನ್ನು ಜನ ಕಂಡದ್ದು ಅಪರೂಪ. 2022ರ ಯುಗಾದಿಯ ಹೊತ್ತಿಗೆ, ಹೊಸತೊಡಕಿನ ಮಾಂಸದ ಸುತ್ತ ಹಲಾಲ್ ವಿವಾದ ಎದ್ದಾಗ, ಕಸಾಯಿಖಾನೆಗಳಲ್ಲಿ ಪ್ರಜ್ಞೆ ತಪ್ಪಿಸುವ ವ್ಯವಸ್ಥೆ ಇರುವಂತೆ ನೋಡಿಕೊಳ್ಳಬೇಕೆಂದು ಪಶುಸಂಗೋಪನಾ ಇಲಾಖೆ ಪಾಲಿಕೆಗೆ ಪತ್ರ ಬರೆಯಿತು. ಸೂಚನೆ ತಪ್ಪಲ್ಲ. ಬಂದ ಹೊತ್ತು ತಪ್ಪು. ಮನುಷ್ಯರ ಜಗಳದ ನಡುವೆ ಬಂದ ದಯೆಯನ್ನು ಎದುರಿಗಿರುವವರು ನಂಬುವುದಿಲ್ಲ. ಜಗಳ ತಣ್ಣಗಾದ ಕೂಡಲೇ ಅದೂ ಮರೆತುಹೋಗುತ್ತದೆ.

ಜಗಳವಿಲ್ಲದೆ ಬಗೆಹರಿಸಿಕೊಂಡ ದೇಶವೂ ಇದೆ. ನ್ಯೂಜಿಲೆಂಡಿನಿಂದ ಕೊಲ್ಲಿ ರಾಷ್ಟ್ರಗಳಿಗೆ ಹೋಗುವ ಹಲಾಲ್ ಕುರಿ ಮಾಂಸವೆಲ್ಲ, ತಲೆಗೆ ಮಾತ್ರ ಕರೆಂಟು ಹಾಯಿಸಿ ಎಚ್ಚರ ತಪ್ಪಿಸಿದ ಪ್ರಾಣಿಗಳದು. ಆ ಕರೆಂಟಿನಿಂದ ಪ್ರಾಣಿ ಸಾಯುವುದಿಲ್ಲ, ಹಾಗೇ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಎದ್ದು ನಿಲ್ಲುತ್ತದೆ. ಆದ್ದರಿಂದ ಧರ್ಮಶಾಸ್ತ್ರ ಬಲ್ಲವರೂ ಒಪ್ಪಿದರು, ಪಶುವೈದ್ಯರೂ ಒಪ್ಪಿದರು. ಕೊಯ್ಯುವ ಮುನ್ನ ಎಚ್ಚರ ತಪ್ಪಿಸುವುದರಿಂದ ಹೆಚ್ಚು ಉಪಕಾರವಾಗುವುದು ದನ ಎಮ್ಮೆಗಳಿಗೆ. ಕುತ್ತಿಗೆ ಕೊಯ್ದ ಕುರಿಗೆ ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ. ದನದ ಮಿದುಳಿಗೆ ಬೆನ್ನೆಲುಬಿನ ಹಾದಿಯಿಂದಲೂ ರಕ್ತ ಹೋಗುವುದರಿಂದ ಅದರ ಎಚ್ಚರ ಇನ್ನೂ ಹೆಚ್ಚು ಹೊತ್ತು ಉಳಿಯಬಲ್ಲದು.

ಮಾಂಸ ತಿನ್ನುವವರಿರಲಿ, ತಿನ್ನದವರಿರಲಿ, ಮಾಡಬಹುದಾದ ಕೆಲಸವೊಂದಿದೆ. 2001ರ ನಿಯಮಗಳ ಪ್ರಕಾರ ಪ್ರಾಣಿ ಕಲ್ಯಾಣ ಮಂಡಳಿ ಅಧಿಕಾರ ಕೊಟ್ಟ ಯಾವುದೇ ವ್ಯಕ್ತಿ ಅಥವಾ ಸಂಸ್ಥೆ ಮುನ್ಸೂಚನೆಯಿಲ್ಲದೆ ಕಸಾಯಿಖಾನೆಯೊಳಗೆ ಹೋಗಿ ನೋಡಬಹುದು, ವರದಿಯನ್ನು ಮಂಡಳಿಗೂ ಸ್ಥಳೀಯ ಸಂಸ್ಥೆಗೂ ಕಳಿಸಬೇಕು. ನಿಮ್ಮ ಪುರಸಭೆಗೆ, ನಗರಸಭೆಗೆ ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಬರೆದು ಕೇಳಿ: ನಮ್ಮೂರಿನ ಕಸಾಯಿಖಾನೆಗೆ ಪರವಾನಗಿ ಇದೆಯೇ? ಪಶುವೈದ್ಯರು ದಿನಕ್ಕೆ ಎಷ್ಟು ಪ್ರಾಣಿ ಪರೀಕ್ಷಿಸುತ್ತಾರೆ? ಕೊನೆಯ ತಪಾಸಣೆ ಯಾವಾಗ ನಡೆಯಿತು, ಅದರ ವರದಿ ಎಲ್ಲಿದೆ? ಅರ್ಜಿಯ ಶುಲ್ಕ ಹತ್ತು ರೂಪಾಯಿ. ಮೂವತ್ತು ದಿನಗಳೊಳಗೆ ಉತ್ತರ ಕೊಡುವುದು ಅವರ ಹೊಣೆ.